ಹನ್ನೊಂದು ತಂಬಿಲಿ

ಬಾಜೂಮನಿ ಕಾಕಾ ಶ್ರೀಲಂಕಾದಿಂದ ಬಂದು ಹದಿನೈದು ದಿನ ಆಗಿತ್ತು, ಬಲಗೈಯ ನೀಲಿ ಪಟ್ಟಿ ಮಾತ್ರ ಇನ್ನೂ ಬಿಚ್ಚಿರಲಿಲ್ಲ. ಬಸ್‌ಸ್ಟ್ಯಾಂಡಿನ ಚಾದಂಗಡಿಯಲ್ಲಿ ಮೂರು ಮಂದಿ ಒಬ್ಬರಾದ ಮೇಲೊಬ್ಬರು ಕೇಳಿದರಂತೆ, "ಯಾವ ದವಾಖಾನ್ಯಾಗ ಅಡ್ಮಿಟ್ ಆಗಿದ್ರಿ ಗೌಡ್ರ? ಈಗ ಆರಾಮ ಅದೀರೇನು?" ಮೂರನೆಯವನಿಗೆ ಉತ್ತರ ಕೊಡದೆ ಚಹಾ ಅರ್ಧಕ್ಕೇ ಬಿಟ್ಟು ಮನೆಗೆ ಬಂದರು. ಸೀದಾ ಬೇಲಿಗೆ ಬಂದು ನಿಂತರು.

ಬೇಲಿ ಅಂದರೆ ನಮ್ಮ ಕಡೆ ಮುಳ್ಳುಕಂಟಿಯದ್ದೇ ಆಗಬೇಕೆಂದಿಲ್ಲ. ನಮ್ಮಿಬ್ಬರ ಅಂಗಳದ ನಡುವೆ ಇರುವುದು ಶಹಾಬಾದಿನ ಪರಸಿ ಕಲ್ಲು, ನೆಟ್ಟಗೆ ಹುಗಿದು ನಿಲ್ಲಿಸಿದ್ದು, ಎದೆಮಟ್ಟ. ಮೊಳಕೈ ಊರಿ ಮಾತಾಡಲಿಕ್ಕೆ ಬರೋಬ್ಬರಿ ಎತ್ತರ. ಬೇಸಿಗೆಯಲ್ಲಿ ಮಾತ್ರ ದಿನ ಮುಳುಗಿದ ಮೇಲೂ ಒಂದು ತಾಸು ಕೈ ಇಡಲಾಗದು, ಕಾದ ಹಂಚು.

"ಮಾಸ್ತರ್ರ, ಈ ಊರಿಗೆ ಬುದ್ಧಿ ಬರಲ್ಲ ನೋಡ್ರಿ. ಇದು ದವಾಖಾನಿ ಪಟ್ಟಿ ಅಲ್ಲ. ಈ ಪಟ್ಟಿ ಇದ್ದಾಂವ ಏನ್ ಕೇಳಿದ್ರೂ ಇಲ್ಲ ಅನ್ನಂಗಿಲ್ಲ, ರೊಕ್ಕ ಕೇಳಂಗಿಲ್ಲ."

"ಇಲ್ಲೂ ನಡೀತದೇನ್ರಿ ಕಾಕಾ?"

"ಅದಕ್ಕ ಚಹಾದ ರೊಕ್ಕ ಕೊಡಲಾರದ ಬಂದೀನಿ," ಅಂದು ನಕ್ಕರು.

ನಮ್ಮ ಚೌಡಾಪುರ ಜನ ಇಳಿಯುವ ಊರು, ಹೊರಡುವ ಊರಲ್ಲ. ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ರಸ್ತೆಯಲ್ಲಿ ಗಾಣಗಾಪುರಕ್ಕೆ ತಿರುಗುವುದು ಇಲ್ಲೇ. ಪುಣೆ, ಸೊಲ್ಲಾಪುರದ ಕಡೆಯ ದತ್ತಭಕ್ತರು ವರ್ಷಪೂರ್ತಿ ಇಳಿಯುತ್ತಾರೆ, ದಾರಿ ಕೇಳುತ್ತಾರೆ, ಹೋಗುತ್ತಾರೆ. ನಾವು ದಾರಿ ತೋರಿಸುವವರು. ಕಾಕಾ ಅರವತ್ತೆಂಟು ವರ್ಷದಲ್ಲಿ ಪಂಢರಪುರ ಕಂಡಿದ್ದರು, ತುಳಜಾಪುರ ಕಂಡಿದ್ದರು, ಶ್ರೀಶೈಲಕ್ಕೆ ಒಮ್ಮೆ ನಡೆದೇ ಹೋಗಿದ್ದರು. ಸಮುದ್ರ ಕಂಡಿರಲಿಲ್ಲ. ಹೈದರಾಬಾದಿನಲ್ಲಿ ನೌಕರಿ ಮಾಡುವ ಮಗ 2024ರ ದೀಪಾವಳಿಗೆ ಬಂದವನು, ಅವ್ವನ ಎದುರು ಫೋನ್ ಹಿಡಿದು ನೀಲಿ ನೀರಿನ ಚಿತ್ರ ತೋರಿಸಿದ. ಕಾಕಿ ಒಂದೇ ಪ್ರಶ್ನೆ ಕೇಳಿದರು: "ಅಡಗಿ ಯಾರು ಮಾಡ್ತಾರ?" ಎಲ್ಲಾ ಅವರೇ ಮಾಡುತ್ತಾರೆ ಅಂದ ಮಗ. ಅಲ್ಲಿಗೆ ಪ್ರವಾಸ ಪಕ್ಕಾ ಆಯಿತು.

ಪಾಸ್‌ಪೋರ್ಟಿನದ್ದು ಬೇರೆ ಕತೆ. ಫೀ ಒಬ್ಬರಿಗೆ 1,500 ರೂಪಾಯಿ, ಅರವತ್ತು ದಾಟಿದವರಿಗೆ ಶೇ. 10 ಸೋಡಿ. ಅದಕ್ಕೆ ಕಾಕಾ ಖುಷಿಯಾಗಿದ್ದರು. ಆದರೆ ಕಾಕಾ ಹುಟ್ಟಿದ್ದು ಜೂನ್ 1. ಕಾಕಿಯೂ ಜೂನ್ 1. ಅವರ ಹಿಂದೆ ಸಾಲಿನಲ್ಲಿ ನಿಂತಿದ್ದ ಜೇವರ್ಗಿ ಕಡೆಯ ಮುದುಕನೂ ಜೂನ್ 1. ನಾನು ಮೂವತ್ತು ವರ್ಷ ಸಾಲಿ ಮಾಸ್ತರಿಕೆ ಮಾಡಿದವನು, ತಪ್ಪು ಒಪ್ಪಿಕೊಳ್ಳಬೇಕು: ನಮ್ಮ ಹಿಂದಿನವರು ಹುಡುಗನ ತಲೆ ಮೇಲಿಂದ ಕೈ ಹಾಯಿಸಿ ಕಿವಿ ಹಿಡಿಸಿ ನೋಡಿ, ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಸಾಲಿ ಶುರುವಾಗುವ ತಿಂಗಳ ಮೊದಲ ತಾರೀಖೇ ಬರೆದುಬಿಟ್ಟರು. ಅರ್ಧ ಕರ್ನಾಟಕ ಒಂದೇ ದಿನ ಹುಟ್ಟಿದೆ. ಅದಕ್ಕಿಂತ ದೊಡ್ಡ ತೊಡಕು ಆಧಾರಿನಲ್ಲಿ ಒಂದು ಹೆಸರು, ಹೊಲದ ಪಹಣಿಯಲ್ಲಿ ಇನ್ನೊಂದು. ಅದನ್ನು ಸರಿಮಾಡಿಸುವುದರಲ್ಲೇ ಎರಡು ತಿಂಗಳು ಹೋಯಿತು. ಯಾರಾದರೂ ಪರದೇಶಕ್ಕೆ ಹೋಗುವ ವಿಚಾರ ಇದ್ದರೆ ಸಮುದ್ರದ ಚಿತ್ರ ಆಮೇಲೆ ನೋಡ್ರಿ, ಮೊದಲು ಆಧಾರ್ ಕಾರ್ಡ್ ನೋಡ್ರಿ.

ಎಲ್ಲಿಗೆ ಅನ್ನುವ ಚರ್ಚೆ ಈ ಬೇಲಿಯ ಮೇಲೇ ನಡೆಯಿತು. ಥಾಯ್ಲೆಂಡಿಗೆ ಆಗ ನಮ್ಮವರಿಗೆ ವೀಸಾ ಬೇಕಿರಲಿಲ್ಲ, ಆದರೆ ಕಾಕಾಗೆ ಊಟದ ಅಂಜಿಕೆ. ಮಾಲ್ಡೀವ್ಸ್‌ನಲ್ಲಿ ರೆಸಾರ್ಟ್ ಅಂದರೆ ಒಂದೊಂದು ದ್ವೀಪ, ಕುಡಿಯುವ ಹಾಲಿನಿಂದ ಹಿಡಿದು ಎಲ್ಲವೂ ದೋಣಿಯಲ್ಲಿ ಬರಬೇಕು. ಮಾಫುಶಿಯಂಥ ಜನವಸತಿಯ ದ್ವೀಪಗಳಲ್ಲಿ ಗೆಸ್ಟ್‌ಹೌಸ್ ಅಗ್ಗ, ಅದೂ ಖರೆ. ಕೊನೆಗೆ ಲಂಕಾ ಅಂತ ಠರಾವಾಯಿತು. "ಹನುಮಪ್ಪ ಹೋಗಿ ಬಂದ ಜಾಗಾ, ಗುರ್ತಿಂದದ," ಅಂದರು ಕಾಕಾ.

ತಿಂಗಳು ಹುಡುಕುವುದರಲ್ಲಿ ಮಾತ್ರ ಮಗನಿಗಿಂತ ಅಪ್ಪನೇ ಜಾಣ. ಲಂಕೆಯ ಪಶ್ಚಿಮ, ದಕ್ಷಿಣ ದಂಡೆಗೆ ಮೇ ತಿಂಗಳಿಂದ ಮುಂಗಾರು ಬಡಿಯುತ್ತದೆ. ಮೂಡಲ ದಂಡೆ ತ್ರಿಂಕೋಮಲಿಗೆ ಹಿಂಗಾರಿನ ಕಾಟ. ಮುಂಗಾರಿ-ಹಿಂಗಾರಿ ಲೆಕ್ಕ ನಮ್ಮ ರೈತನಿಗೆ ಹೇಳಿಕೊಡಬೇಕೆ? ಎಳ್ಳಮಾಸಿ ಮುಗಿಯಲಿ, ತೊಗರಿ ರಾಶಿ ಆಗಲಿ, ಫೆಬ್ರುವರಿಯಲ್ಲಿ ಕೈಯಾಗ ರೊಕ್ಕ, ಅಲ್ಲಿ ಸಮುದ್ರವೂ ಶಾಂತ ಅಂದುಬಿಟ್ಟರು. ಆ ವರ್ಷ ತೊಗರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 7,550, ಮೇಲೆ ರಾಜ್ಯದ 450, ಒಟ್ಟು 8,000. ಹೈದರಾಬಾದಿನಿಂದ ಕೊಲಂಬೋ ವಿಮಾನ, ಬೆಂಟೋಟದಲ್ಲಿ ನಾಲ್ಕು ರಾತ್ರಿ, ಗಾಡಿ ಬಾಡಿಗೆ ಎಲ್ಲಾ ಸೇರಿ ಗಂಡಹೆಂಡಿರಿಗೆ 1,04,000 ಆಯಿತು. ನಾನು ರೂಪಾಯಿಯಲ್ಲಿ ಕೇಳಿದರೆ ಕಾಕಾ ಹೇಳಿದ್ದು, "ಹದಿಮೂರು ಕ್ವಿಂಟಲ್."

ಬೆಂಟೋಟದ ಹೋಟೆಲು ಕಾಕಾನ ಕೈಗೆ ಪಟ್ಟಿ ಕಟ್ಟಿದ ಈ 'ಆಲ್ ಇನ್‌ಕ್ಲೂಸಿವ್' ಪದ್ಧತಿ ಎಲ್ಲಿಂದ ಬಂತು ಅಂತ ಹುಡುಕಿ ನೋಡಿದೆ, ಮಾಸ್ತರನ ಚಟ. 1950ರಲ್ಲಿ ಜೆರಾರ್ ಬ್ಲಿಟ್ಸ್ ಎಂಬ ಬೆಲ್ಜಿಯಂ ದೇಶದ ವಾಟರ್ ಪೋಲೋ ಆಟಗಾರ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಸೈನ್ಯದವರು ಬಿಟ್ಟ ಹಳೇ ಡೇರೆ ಹೊಡೆದು, ಊಟ-ವಸತಿ-ಆಟ ಎಲ್ಲಕ್ಕೂ ಒಂದೇ ರೇಟು ಅಂತ ಶುರುಮಾಡಿದ. ಅದೇ ಕ್ಲಬ್ ಮೆಡ್. ಈಜುವ ಬಟ್ಟೆಗೆ ಜೇಬು ಎಲ್ಲಿಂದ ಬರಬೇಕು? ಬಾರಿನಲ್ಲಿ ಕೊಡಲಿಕ್ಕೆ ಕೊರಳಿನ ಮಣಿಗಳೇ ನಾಣ್ಯ ಆದವು. ಮಣಿ ಹೋಗಿ ಈಗ ಪಟ್ಟಿ ಬಂದಿದೆ.

ಕಾಕಾ ಪಟ್ಟಿಯ ಮೇಲೆ ಬೆರಳಾಡಿಸುತ್ತ ದನಿ ಇಳಿಸಿದರು. "ಆದ್ರ ಒಂದು ಮೋಸ ಆತು ಮಾಸ್ತರ್ರ. ಮೋಸ ಅವರು ಮಾಡಿಲ್ಲ, ನಾವೇ ಮಾಡಿಕೊಂಡೀವಿ."

ಏನೆಂದರೆ, ಆ ಹೋಟೆಲುಗಳಲ್ಲಿ ನಾಲ್ಕು ದರ ಇರುತ್ತವೆ. ಬಿಬಿ ಅಂದರೆ ಮುಂಜಾನೆ ನಾಷ್ಟಾ ಅಷ್ಟೇ. ಎಚ್‌ಬಿ ಅಂದರೆ ನಾಷ್ಟಾ ಮತ್ತು ಸಾಮಾನ್ಯವಾಗಿ ರಾತ್ರಿ ಊಟ. ಎಫ್‌ಬಿಯಲ್ಲಿ ಮೂರು ಹೊತ್ತೂ ಊಟ, ಕುಡಿಯುವುದಕ್ಕೆ ಬೇರೆ ಬಿಲ್ಲು. ಎಐ ಅಂದರೆ ಕುಡಿತವೂ ಒಳಗೇ. ಎಫ್‌ಬಿಗೂ ಎಐಗೂ ಇರುವ ಅಂತರದಲ್ಲಿ ಬಹುಪಾಲು ಬಾಟಲಿಯ ಲೆಕ್ಕ. ಕೊರಳಲ್ಲಿ ಲಿಂಗ ಇರುವ ನಮ್ಮ ಕಾಕಾ, ಜೀವಮಾನದಲ್ಲಿ ಸೇಂದಿ ಮೂಸಿ ನೋಡದವರು, ಹದಿಮೂರು ಕ್ವಿಂಟಲಿನಲ್ಲಿ ಒಂದೆರಡು ಕ್ವಿಂಟಲ್ ತೊಗರಿಯನ್ನು ಯಾವನೋ ಜರ್ಮನಿಯವನ ಬಿಯರಿಗೆ ಕೊಟ್ಟುಬಂದರು.

ಇದು ತಿಳಿದದ್ದು ಎರಡನೇ ದಿನ. ಅವತ್ತಿನಿಂದ ಕಾಕಾ ವಸೂಲಿಗೆ ಇಳಿದರು. ಅಲ್ಲಿ ತಂಬಿಲಿ ಅಂತ ಕಿತ್ತಳೆ ಬಣ್ಣದ ಎಳೆನೀರು. ಹೋಟೆಲಿನಲ್ಲಿ ಅದು ಪಟ್ಟಿಯ ಲೆಕ್ಕದೊಳಗೇ ಇತ್ತು. ಮುಂಜಾನೆ, ಮಧ್ಯಾಹ್ನ, ಸಂಜೆ, ಹೀಗೆ ಮೂರು ದಿನದಲ್ಲಿ ಹನ್ನೊಂದು ತಂಬಿಲಿ. ಮೂರನೇ ದಿನ ಸಮುದ್ರಕ್ಕಿಂತ ಪಾಯಿಖಾನೆಯನ್ನೇ ಹೆಚ್ಚು ನೋಡಿದರು ಅಂತ ಕಾಕಿ ಒಳಗಿಂದ ಕೂಗಿ ಹೇಳಿದರು.

ಸಿಟ್ಟು ತರಿಸಿದ್ದು ಇನ್ನೊಂದು. ಊಟದ ಮೇಜಿನಲ್ಲಿ ಕೆಂಪು ಬ್ಯಾಳಿ. ಇದೇನು ಅಂತ ಕೇಳಿದರೆ ಬಡಿಸುವ ಹುಡುಗ, "ಮೈಸೂರ್ ಪರಿಪ್ಪು," ಅಂದ. ಅದು ಚನ್ನಂಗಿ ಬೇಳೆ. ಲಂಕೆಯ ತುಂಬ ಅದಕ್ಕೆ ಮೈಸೂರಿನ ಹೆಸರು! ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ, ಊರೆಲ್ಲ 'ತೊಗರಿ ಕಣಜ' ಅಂತ ಕರೆಯುತ್ತದೆ, ಮತ್ತು ಪರದೇಶದ ತಾಟಿನಲ್ಲಿ ನಮ್ಮ ನಾಡಿನ ಹೆಸರು ಹೊತ್ತು ಕೂತಿರುವುದು ಚನ್ನಂಗಿ. ಕಾಕಾ ಅಡುಗೆಮನೆಯ ತನಕ ಹೋಗಿ, ತಮ್ಮ ಹೊಲದ ತೊಗರಿ ಎಷ್ಟು ಎತ್ತರ ಬೆಳೆಯುತ್ತದೆ ಅಂತ ಕೈಯಲ್ಲಿ ತೋರಿಸಿ ಬಂದರಂತೆ. ಆ ಅಡುಗೆಯವನು ಸಮುದ್ರದ ಆಳ ಕೇಳುತ್ತಿದ್ದಾರೆ ಅಂದುಕೊಂಡು, "ನೋ ಸ್ವಿಮ್, ಸರ್," ಅಂದ.

ಶಾಕಾಹಾರಿಗಳಿಗೆ ಒಂದು ಮಾತು ಹೇಳಲೇಬೇಕು: ಪೊಲ್ ಸಂಬೋಲ ಅಂತ ಇಡುತ್ತಾರೆ, ನೋಡಲಿಕ್ಕೆ ಥೇಟ್ ನಮ್ಮ ಹಸಿಕೊಬ್ಬರಿ ಚಟ್ನಿ. ಅದರಲ್ಲಿ ಒಣಮೀನಿನ ಚೂರು ಕುಟ್ಟಿ ಹಾಕಿರುವುದೇ ಹೆಚ್ಚು. ಕಾಕಿ ಪುಣ್ಯಕ್ಕೆ ಮೂಸಿ ನೋಡಿ ಕೈ ಹಿಂದೆ ತೆಗೆದರು. ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದೇ ಇತ್ತು. ಮೂರು ಸಾವಿರ ನಮೂನೆ ಇಟ್ಟರೂ ರೊಟ್ಟಿ ಮುರಿಯುವ ಸಪ್ಪಳ ಇಲ್ಲದಿದ್ದರೆ ಅದು ಊಟ ಹೇಗಾದೀತು ಅನ್ನುವುದು ಅವರ ವಾದ.

ಕಾಕಿಯನ್ನು ಬೇಲಿಗೆ ಕರೆದೆ. ಸಮುದ್ರ ಹೆಂಗಿತ್ತು ಅಂತ ಕೇಳಿದೆ. "ಗಂಗವ್ವಗ ಉಪ್ಪು ಜರಾ ಜಾಸ್ತಿ ಆಗ್ಯದ," ಅಂದರು. ಉಡಿಯಲ್ಲಿ ಕಟ್ಟಿಕೊಂಡು ಹೋಗಿದ್ದ ಅರಿಷಿಣ-ಕುಂಕುಮ ನೀರಿಗೆ ಬಿಟ್ಟು ಕೈಮುಗಿದರಂತೆ. ಆಮೇಲೆ ಅವರು ಹೇಳಿದ್ದೆಲ್ಲ ಕೋಣೆಯ ಕತೆ. ಹಾಸಿಗೆಯ ಮೇಲೆ ಎರಡು ಟವೆಲ್ಲುಗಳನ್ನು ಮಡಿಸಿ ಹಂಸ ಮಾಡಿ ಇಟ್ಟಿದ್ದರು, ಕೊಕ್ಕಿಗೆ ಕೊಕ್ಕು ತಾಗಿಸಿ. ಅದನ್ನು ಕೆಡಿಸಲಿಕ್ಕೆ ಮನಸ್ಸಾಗದೆ ನಾಲ್ಕೂ ದಿನ ಸೀರೆಯ ಸೆರಗಿನಲ್ಲೇ ಮೈ ಒರೆಸಿಕೊಂಡರು. ರಾತ್ರಿ ಹಂಸಗಳನ್ನು ಎತ್ತಿ ಕುರ್ಚಿಯ ಮೇಲೆ ಮಲಗಿಸುವುದು, ಮುಂಜಾನೆ ಮತ್ತೆ ಹಾಸಿಗೆಗೆ. ಕೋಣೆ ಸ್ವಚ್ಛ ಮಾಡುವ ಹುಡುಗ ಬರುವ ಮೊದಲೇ ಎದ್ದು ಚಾದರ ಜಾಡಿಸಿ, ಬಚ್ಚಲು ತೊಳೆದು ಇಡುತ್ತಿದ್ದರು. "ಬಂದಾಂವ ನೋಡಿ ಏನಂದಾನು, ಹೆಣ್ಮಗಳು ಇದ್ದ ಮನಿ ಹಿಂಗಿಟ್ಟಾರ ಅಂತ?"

"ಮತ್ತ ಅಡಗಿ ಯಾರು ಮಾಡ್ತಾರ ಅಂತ ಕೇಳಿ ಹೋದಾಕಿ ನೀ," ಅಂದರು ಕಾಕಾ.

"ಅಡಗಿ ಮಾಡಿಲ್ಲಲ್ಲ!"

ನನಗೆ ಎಳ್ಳಮಾಸಿ ನೆನಪಾಯಿತು. ಆ ದಿನ ಕಾಕಾನ ಹೊಲದಲ್ಲಿ ಚರಗ ಚೆಲ್ಲಿದ ಮೇಲೆ ಸಜ್ಜಿ ರೊಟ್ಟಿ, ಭಜ್ಜಿ, ಕಡುಬು, ಅಂಬಲಿ ಗಡಿಗೆ. ಹಾದಿಯಲ್ಲಿ ಹೋಗುವ ಸೈಕಲ್ಲಿನವನನ್ನೂ ಕೂಗಿ ಕರೆದು ಕೂಡಿಸುತ್ತಾರೆ. ನಾನು ಎಷ್ಟು ಕಡುಬು ತಿಂದೆ ಅಂತ ಇವತ್ತಿನವರೆಗೂ ಕಾಕಾ ಹೇಳಿಲ್ಲ. ತಂಬಿಲಿ ಮಾತ್ರ ಹನ್ನೊಂದು ಅಂತ ಖಚಿತವಾಗಿ ನೆನಪಿದೆ. ಇದನ್ನು ಅವರಿಗೆ ಅಂದೆ. "ಅದು ಬ್ಯಾರೆ, ಇದು ಬ್ಯಾರೆ," ಅಂದು ಮಾತು ತಿರುಗಿಸಿದರು.

ನಾನೂ ತಿರುಗಿಸಿದೆ. "ಕಾಕಾ, ನೀವು ಮೊಳಕೈ ಊರಿರೋ ಈ ಪರಸಿ ಅದಲ್ಲ, ಇದು ಸಮುದ್ರದ ತಳ. ಹತ್ತಾರು ಕೋಟಿ ವರ್ಷದ ಹಿಂದ ಈ ಭೀಮಾ ಸೀಮಿ ಅನ್ನೋದು ಆಳ ಇಲ್ಲದ ಸಮುದ್ರ. ತಳದ ಸುಣ್ಣದ ಕೆಸರು ಪದರ ಪದರ ಕೂತು ಗಟ್ಟಿಯಾಗಿ ಈ ಕಲ್ಲಾತು. ಅದಕ್ಕ ನೋಡ್ರಿ, ಹಪ್ಪಳದಂಗ ಏಳ್ತದ."

ಕಾಕಾ ಕಲ್ಲಿನ ಮೇಲೆ ಅಂಗೈ ಇಟ್ಟರು. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಇದನ್ನ ಜನವರಿದಾಗ ಹೇಳಬಾರದಾಗಿತ್ತೇನ್ರಿ ಮಾಸ್ತರ್ರ? ಹದಿಮೂರು ಕ್ವಿಂಟಲ್ ಉಳೀತಿತ್ತು."

ಅಷ್ಟರಲ್ಲಿ ಮಹಾರಾಷ್ಟ್ರದ ನಂಬರಿನ ದೊಡ್ಡ ಕಾರೊಂದು ನಿಂತಿತು. ಕಿಟಕಿ ಇಳಿಸಿ ಒಬ್ಬರು ಮರಾಠಿಯಲ್ಲಿ ಗಾಣಗಾಪುರದ ದಾರಿ ಕೇಳಿದರು, ಅಲ್ಲಿ ಊಟದ ವ್ಯವಸ್ಥೆ ಹೇಗೆ ಅಂತಲೂ ಕೇಳಿದರು. ಗಾಣಗಾಪುರದಲ್ಲಿ ಮಧ್ಯಾಹ್ನ ಎಂಥ ಸಾಹುಕಾರನೂ ಜೋಳಿಗೆ ಹಿಡಿದು ಐದು ಮನೆ ಮಧುಕರಿ ಬೇಡುತ್ತಾನೆ. ಆ ಹೊತ್ತಿಗೆ ದತ್ತನೇ ಯಾವುದೋ ವೇಷದಲ್ಲಿ ಬೇಡಲು ಬರುತ್ತಾನೆಂಬ ನಂಬಿಕೆ, ಆದ್ದರಿಂದ ಇಲ್ಲ ಅನ್ನುವವರೂ ಇಲ್ಲ. ಕಾಕಾ ನೀಲಿ ಪಟ್ಟಿಯ ಕೈ ಎತ್ತಿ ದಾರಿ ತೋರಿಸಿದರು.

"ಸೀದಾ ಹೋಗ್ರಿ. ಹನ್ನೆರಡರೊಳಗ ಮುಟ್ಟಿ ಒಂದು ಜೋಳಿಗಿ ಹಿಡೀರಿ. ಅಲ್ಲಿ ಆಲ್ ಇನ್‌ಕ್ಲೂಸಿವ್ ಅದ."