ಹೊಸ್ತಿಲಾಚೆಯ ಬಾಣಲೆ

ನನ್ನ ಷಡ್ಡಕ ಮೂರ್ತಿಯ ಮನೆ ಇರುವುದು ಹನುಮಂತನಗರದಲ್ಲಿ. ಮೊಟ್ಟೆ ಬರುವುದು ಮಾತ್ರ ಶ್ರೀನಗರದಿಂದ. ಮನೆಯ ಎದುರಿಗೇ ಅಂಗಡಿಯಿದೆ, ಅಲ್ಲಿ ಮೊಟ್ಟೆಯೂ ಇದೆ. ಆದರೆ ಅವನ ತಾಯಿ ಮೂವತ್ತು ವರ್ಷದಿಂದ ಕಡಲೆಬೇಳೆ, ಕರ್ಪೂರ ತರಿಸುತ್ತಿರುವುದು ಅದೇ ಅಂಗಡಿಯಿಂದ. ಅಲ್ಲಿ ನಿಂತು "ಅರ್ಧ ಡಜನ್ ಕೊಡಪ್ಪ" ಎನ್ನುವ ಎದೆಗಾರಿಕೆ ಐವತ್ತೆರಡರ ಈ ಮ್ಯಾನೇಜರಿಗೆ ಇನ್ನೂ ಬಂದಿಲ್ಲ. ಭಾನುವಾರ ಬೆಳಗ್ಗೆ ವಾಕಿಂಗ್ ಹೋಗುವಾಗ ಎರಡೂ ಕೈ ಬೀಸಿಕೊಂಡು ಹೋಗುತ್ತಾನೆ. ಬರುವಾಗ ಬಲಗೈ ಅಲ್ಲಾಡುವುದಿಲ್ಲ. ಬಟ್ಟೆ ಚೀಲದಲ್ಲಿ ಪೇಪರ್ ಸುತ್ತಿದ ಆರು ಮೊಟ್ಟೆ, ಮರೆಗೆ ಮೇಲೊಂದು ಕಟ್ಟು ಕೊತ್ತಂಬರಿ ಸೊಪ್ಪು.

ಮೂರ್ತಿಯಂಥವರು ನಿಮ್ಮ ಬೀದಿಯಲ್ಲೂ ಇದ್ದಾರೆ. ಹೊರಗೆ ಏನು ಬೇಕಾದರೂ ತಿಂದು ಬರುತ್ತಾರೆ, ಒಳಗೆ ಮಾತ್ರ ಒಂದು ಮೊಟ್ಟೆ ತರಲಾರರು. ಇವರಿಗೆಂದೇ ಬೆಂಗಳೂರಿನ ಮನೆಗಳಲ್ಲಿ ಯುಟಿಲಿಟಿ ಎಂಬ ಜಾಗವಿದೆ. ವಾಷಿಂಗ್ ಮಷಿನ್, ಪೊರಕೆ, ಹಳೇ ಪೇಪರ್ ಕಟ್ಟು ಇರುವ ಈ ಮೂರಡಿ ಅಗಲದ ಓಣಿ ಅಡುಗೆಮನೆಗೆ ಅಂಟಿಕೊಂಡಿದೆ, ಆದರೆ ಅಡುಗೆಮನೆಯಲ್ಲ. ಹತ್ತು ವರ್ಷದ ಹಿಂದೆ ಇಲ್ಲಿಯೇ ಸಂಧಾನವಾದದ್ದು. ಅಮ್ಮ ಹೂಂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. "ಹೊಸ್ತಿಲಿಂದ ಈಚೆಗೆ ಏನೂ ಬರಕೂಡದು" ಎಂದಷ್ಟೇ ಹೇಳಿದರು. ಆ "ಏನೂ" ಎಂಬುದರಲ್ಲಿ ಎಲ್ಲವೂ ಸೇರಿತ್ತು: ಒಂದು ಇಂಡಕ್ಷನ್ ಒಲೆ, ಒಂದು ಬಾಣಲೆ, ಒಂದು ಮರದ ಸೌಟು, ಹಸಿರು ಸ್ಕ್ರಬ್ಬರ್. ಒಳಗಿನದು ಹಳದಿ. ಎರಡೂ ಇಂದಿಗೂ ಪರಸ್ಪರ ಮುಖ ನೋಡಿಲ್ಲ.

ಆ ಮನೆಯಲ್ಲಿ ಮೊಟ್ಟೆ ಎಂಬ ಪದವೂ ಹೊಸ್ತಿಲು ದಾಟುವುದಿಲ್ಲ. ಅಮ್ಮನಿಗೆ ಅದು "ನಿನ್ನ ಅದು". ಹೆಂಡತಿಗೆ "ನಿಮ್ಮ ಸಂಡೇ". ಮಗಳಿಗೆ "ಅಪ್ಪನ ಪ್ರಾಜೆಕ್ಟ್".

ಮೊದಲೆಲ್ಲ ಅವನು ಬುರ್ಜಿ ಮಾಡುತ್ತಿದ್ದ. ಈರುಳ್ಳಿ, ಹಸಿಮೆಣಸಿನಕಾಯಿ, ಗರಂ ಮಸಾಲೆ ಬಿದ್ದರೆ ತಳ ಹಿಡಿದದ್ದೂ ರುಚಿಯ ಲೆಕ್ಕಕ್ಕೇ ಸೇರುತ್ತದೆ. ಆದರೆ ಬುರ್ಜಿಯ ವಾಸನೆ ಮೂರು ಮನೆ ದಾಟುತ್ತದೆ. ಅದಕ್ಕೆಂದು ಊದುಬತ್ತಿ ಹಚ್ಚತೊಡಗಿದ. ಭಾನುವಾರ ಎಂಟೂವರೆಗೆ ಸರಿಯಾಗಿ ಬರುವ ಪರಿಮಳಕ್ಕೆ ಪಕ್ಕದ ಮನೆಯವರು ಇವನನ್ನು ಸೂರ್ಯೋಪಾಸಕನೆಂದು ತಿಳಿದಿದ್ದರು. ಆಮೇಲೆ ಆಫೀಸಿನ ಕೆಲಸಕ್ಕೆ ಆರು ತಿಂಗಳು ಲಂಡನ್ನಿನಲ್ಲಿದ್ದು ಬಂದವನು ಸ್ಕ್ರಾಂಬಲ್ಡ್ ಎಗ್ಸ್‌ಗೆ ಬದಲಾದ. ಬೆಣ್ಣೆ, ಉಪ್ಪು, ಮೆಣಸಿನ ಪುಡಿ, ಅಷ್ಟೇ. ವಾಸನೆ ಕಡಿಮೆ, ಅನುಮಾನವೂ ಕಡಿಮೆ. ಕಷ್ಟವೆಂದರೆ ಇದರಲ್ಲಿ ತಪ್ಪು ಮುಚ್ಚಲು ಈರುಳ್ಳಿಯಿಲ್ಲ. ತಿನ್ನುವವನ ತಟ್ಟೆಗೆ ಅರ್ಧ ಬಂದರೆ ಇನ್ನರ್ಧ ಬಾಣಲೆಗೇ ಉಳಿಯುತ್ತದೆ.

ಬೇರೆ ಮನೆಗಳಲ್ಲಿ ಗಂಡಸು ಭಾನುವಾರದ ಅಡುಗೆ ಮಾಡಿದರೆ ತಳ ಹಿಡಿದ ಪಾತ್ರೆ ಸಿಂಕಿಗೆ ಹೋಗುತ್ತದೆ, ಹೊಗಳಿಕೆ ಗಂಡಸಿಗೆ ಬರುತ್ತದೆ. ಮೂರ್ತಿಗೆ ಆ ಭಾಗ್ಯವಿಲ್ಲ. ಸಿಂಕು ಹೊಸ್ತಿಲ ಒಳಗಿದೆ. ಕೆಲಸದಾಕೆಯನ್ನು ಕೇಳಿಯೂ ನೋಡಿದ. "ನಂಗೇನಣ್ಣ, ನಮ್ಮನೇಲಿ ದಿನಾ ತೊಳೀತೀನಿ. ಆಮೇಲೆ ಅಜ್ಜಿ ಮೂರು ಸಲ ಕೈ ತೊಳೆಸ್ತಾರಲ್ಲ, ಆ ನೀರಿನ ಬಿಲ್ಲು ನೀವೇ ಕಟ್ತೀರಾ?" ಎಂದು ನಕ್ಕಳು. ಹೀಗಾಗಿ ವಾಷಿಂಗ್ ಮಷಿನ್ನಿನ ನಲ್ಲಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು ತಾನೇ ತಿಕ್ಕಬೇಕಾಯಿತು. ತಾನೇ ತಿಕ್ಕಬೇಕಾದ ದಿನ ಗಂಡಸು ವಿಜ್ಞಾನಿಯಾಗುತ್ತಾನೆ.

"ಷಡ್ಡಕರೇ, ಮೊಟ್ಟೆ ಯಾಕೆ ಅಂಟುತ್ತೆ ಗೊತ್ತಾ?" ಎಂದು ಅವನು ಶುರುಮಾಡಿದರೆ ನಾನು ತಟ್ಟೆ ಕೆಳಗಿಡುತ್ತೇನೆ. ಲೋಹ ಕಣ್ಣಿಗೆ ನುಣುಪು, ನಿಜದಲ್ಲಿ ತುಂಬ ಗುಳಿ. ಮೊಟ್ಟೆಯ ಬಿಳಿ 62 ಡಿಗ್ರಿಯ ಹೊತ್ತಿಗೆ ಗಟ್ಟಿಯಾಗತೊಡಗುತ್ತದೆ. ಬಿಸಿಗೆ ಸುರುಳಿ ಬಿಚ್ಚಿಕೊಂಡ ಪ್ರೋಟೀನು ಆ ಗುಳಿಗಳಲ್ಲಿ ಕೂತು ಲೋಹದ ಕೈ ಹಿಡಿಯುತ್ತದೆ. ನಡುವೆ ಎಣ್ಣೆಯ ಪದರ ಇದ್ದರೆ ಬಚಾವು. ಇಷ್ಟು ಹೇಳುವ ಹೊತ್ತಿಗೆ ಅವನ ಬಾಣಲೆಯಲ್ಲಿ ಅದು ಆಗಿಯೇ ಹೋಗಿರುತ್ತದೆ.

ಮೊದಲು ತಂದದ್ದು ಅಲ್ಯೂಮಿನಿಯಂ ಬಾಣಲೆ. ಇಂಡಕ್ಷನ್ ಒಲೆ ಅದನ್ನು ಪಾತ್ರೆಯೆಂದೇ ಒಪ್ಪಲಿಲ್ಲ, ನಾಲ್ಕು ಸಲ ಬೀಪ್ ಎಂದು ಆರಿತು. ಎರಡನೆಯದು ನಾನ್‌ಸ್ಟಿಕ್. ಅದರ ಜೊತೆ ಅದರ ಚರಿತ್ರೆಯೂ ಮನೆಗೆ ಬಂತು. 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಫ್ರಿಜ್ಜಿನ ಅನಿಲ ಹುಡುಕುತ್ತಿದ್ದಾಗ ಸಿಲಿಂಡರಿನಲ್ಲಿ ಜಾರುವ ಬಿಳಿ ಪುಡಿ ಸಿಕ್ಕಿತಂತೆ, ಅದೇ ಟೆಫ್ಲಾನ್. 1954ರ ಸುಮಾರಿಗೆ ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ ಅದನ್ನು ಮೀನಿನ ಗಾಳದ ಸಾಮಾನಿಗೆ ಬಳಿಯುತ್ತಿದ್ದಾಗ, ನನ್ನ ಬಾಣಲೆಗೂ ಬಳಿಯಬಾರದೇ ಎಂದದ್ದು ಅವನ ಹೆಂಡತಿ ಕೊಲೆಟ್.

"ನೋಡಿ, ಹೆಂಡತಿ ಮಾತು ಕೇಳಿ ಕಂಪನಿಯನ್ನೇ ಕಟ್ಟಿದ!"

ಒಳಗಿನಿಂದ ದನಿ ಬಂತು: "ಹಾಗಾದ್ರೆ ನೀವೂ ಕೇಳ್ರೀ, ಅದಕ್ಕೆ ಸ್ಟೀಲ್ ಚಮಚ ಹಾಕ್ಬೇಡಿ."

ಕೇಳಲಿಲ್ಲ. ಮೂರು ತಿಂಗಳಲ್ಲಿ ಬಾಣಲೆ ಗೀರುಗೀರಾಯಿತು. ಅಂಟಿತೆಂದು ಸ್ಟೀಲ್ ಜುಂಗಿನಿಂದ ತಿಕ್ಕಿದ, ತಿಕ್ಕಿದ್ದಕ್ಕೆ ಇನ್ನಷ್ಟು ಅಂಟಿತು.

ಮೂರನೆಯದು ದಪ್ಪ ತಳದ ಸ್ಟೀಲ್. ಈ ಸಲ ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ ಬಂದ. ಕೆಂಪಗೆ ಕಾದ ಕಬ್ಬಿಣದ ಸೌಟಿನ ಮೇಲೆ ನೀರಿನ ಹನಿ ಆವಿಯಾಗದೆ ಕುಣಿಯುವುದನ್ನು ನೋಡಿ 1756ರಲ್ಲೇ ಬರೆದಿಟ್ಟವನು. ತನ್ನದೇ ಆವಿಯ ಮೇಲೆ ಹನಿ ತೇಲುತ್ತದೆ. ಬಾಣಲೆಯಲ್ಲಿ ಹನಿ ಪಾದರಸದಂತೆ ಉರುಳಿದರೆ ಕಾದಿದೆ ಎಂದರ್ಥ. ಆಗ ಉರಿ ತಗ್ಗಿಸಿ, ತುಸು ತಣಿಸಿ, ಬೆಣ್ಣೆ ಹಾಕಿ, ನೊರೆ ಇಳಿದ ಮೇಲೆ ಮೊಟ್ಟೆ ಸುರಿಯಬೇಕು. ಸುರಿದು ಒಂದಿಷ್ಟು ಹೊತ್ತು ಕೈ ಕಟ್ಟಿ ನಿಲ್ಲಬೇಕು. ಮೂರ್ತಿಗೆ ಹನಿ ಕುಣಿಯುವವರೆಗಿನ ವಿಜ್ಞಾನ ಕಂಠಪಾಠ, ಕೈ ಕಟ್ಟಿ ನಿಲ್ಲುವ ವಿಜ್ಞಾನ ಬರಲಿಲ್ಲ. ಹನಿ ಕುಣಿದೊಡನೆ ತಾನೂ ಕುಣಿದು ಸುರಿದ. ಮೊಟ್ಟೆ ಹಪ್ಪಳವಾಯಿತು. ಗಾಬರಿಯಲ್ಲಿ ಕೆಂಡದಂಥ ಬಾಣಲೆಗೆ ತಣ್ಣೀರು ಹೊಯ್ದ, ತಳ ಸೊಟ್ಟಗಾಗಿ ಒಲೆಯ ಮೇಲೆ ತೊಟ್ಟಿಲಿನಂತೆ ತೂಗಿತು. ಮರುವಾರ ಬುದ್ಧಿ ಬಂದು ಕುದಿಯುವ ನೀರು ಹಾಕಿದ, ಅಂಚಿಗೆ ಮೆತ್ತಿದ್ದ ಹಸಿ ಲೋಳೆಯೂ ಬೆಂದು ಗಟ್ಟಿ ಕೂತಿತು. ಬಾಣಲೆ ತಾನಾಗಿ ಆರಲಿ, ಆಮೇಲೆ ತಣ್ಣೀರಲ್ಲಿ ನೆನೆಯಲಿ, ಉಳಿದ ಕಲೆಗೆ ಅಡುಗೆ ಸೋಡಾ ಬಳಿದು ಅರ್ಧ ಗಂಟೆ ಬಿಡಬೇಕು ಎಂಬುದು ಅವನಿಗೆ ಗೊತ್ತಾಗುವಷ್ಟರಲ್ಲಿ ಎರಡು ಹಸಿರು ಸ್ಕ್ರಬ್ಬರ್ ತೀರಿಕೊಂಡಿದ್ದವು. ಸಾಕ್ಷಿಯಾಗಿ ಸಿಪ್ಪೆಗಳೂ ಉಳಿಯಬಾರದೆಂದು ಪುಡಿಮಾಡಿ ಗುಲಾಬಿ ಕುಂಡಕ್ಕೆ ಹಾಕುತ್ತಿದ್ದ. ಗುಲಾಬಿ ಮಾತ್ರ ಬೀದಿಗೆಲ್ಲ ಕಾಣುವಂತೆ ಅರಳಿತು. ಅಮ್ಮ ಅದನ್ನು ದಿನಾ ದೇವರಿಗೆ ಏರಿಸುತ್ತಾರೆ.

ಇಷ್ಟೆಲ್ಲ ನಡೆಯುವಾಗ ಹೊಸ್ತಿಲ ಒಳಗೆ, ಅವನ ಮೊಣಕೈಯಿಂದ ನಾಲ್ಕಡಿ ದೂರದಲ್ಲಿ, ಅಮ್ಮನ ಕಬ್ಬಿಣದ ದೋಸೆ ಕಾವಲಿ ಗೋಡೆಗೊರಗಿ ನಿಂತಿತ್ತು. ನಲವತ್ತು ವರ್ಷದಿಂದ ಒಂದು ದೋಸೆಯೂ ಅದಕ್ಕೆ ಅಂಟಿದ್ದಿಲ್ಲ.

ಮೂರ್ತಿಗೆ ಅದು ಹೊಳೆದದ್ದು ಹೋದ ಅವರೆಕಾಯಿ ಕಾಲದಲ್ಲಿ. ಚಿಕ್ಕಪೇಟೆಯಿಂದ ಒಂದು ಕಬ್ಬಿಣದ ಕಾವಲಿ ತಂದು ಯುಟಿಲಿಟಿಯಲ್ಲಿ ಬಚ್ಚಿಟ್ಟ. ಆ ಭಾನುವಾರ ಅಮ್ಮ ನಡುಮನೆಯಲ್ಲಿ ಮೊರ ಮುಂದಿಟ್ಟುಕೊಂಡು ಅವರೆಕಾಳು ಹಿಸುಕುತ್ತಿದ್ದರು, ನಾನೂ ಕೈ ಹಾಕಿದ್ದೆ. ಮೂರ್ತಿ ಬಂದು ಲೋಕಾಭಿರಾಮವಾಗಿ ಕೇಳಿದ:

"ಅಮ್ಮಾ, ಹೊಸಾ ದೋಸೆ ಕಾವಲೀನ ಹೇಗಮ್ಮ ಪಳಗಿಸೋದು? ಆಫೀಸಲ್ಲಿ ಒಬ್ಬರು ಕೇಳ್ತಿದ್ರು."

ಅಮ್ಮ ತಲೆಯೆತ್ತಲಿಲ್ಲ. "ಮೊದ್ಲು ಚೆನ್ನಾಗಿ ತೊಳ್ದು ಅಕ್ಕಿ ತೊಳೆದ ನೀರಲ್ಲಿ ಎರಡು ದಿನ ನೆನೆಸ್ಬೇಕು. ಒರೆಸಿ, ಎಣ್ಣೆ ಸವರಿ, ಸಣ್ಣ ಉರೀಲಿ ಕಾಯಿಸಿ, ಅರ್ಧ ಈರುಳ್ಳಿ ಹಿಡ್ದು ಉಜ್ಜಬೇಕು. ಹೀಗೇ ನಾಲ್ಕು ದಿನ. ಕಾವಲಿ ಎಣ್ಣೆ ಕುಡೀಬೇಕು ಕಣೋ."

"ಪಾಲಿಮರೈಸೇಷನ್!" ಎಂದ ಮೂರ್ತಿ, ತಡೆಯಲಾರದೆ. ಕಾದ ಎಣ್ಣೆ ಗಟ್ಟಿ ಪದರವಾಗಿ ಗುಳಿಗಳನ್ನೆಲ್ಲ ಮುಚ್ಚುತ್ತದೆ ಎಂದು ನನಗೆ ಕಣ್ಣಲ್ಲೇ ಹೇಳಿದ.

"ಅದೆಲ್ಲ ನಂಗೊತ್ತಿಲ್ಲ. ಆದ್ಮೇಲೆ ಸೋಪು ಹಾಕಿ ತಿಕ್ಕೋ ಹಾಗಿಲ್ಲ. ಬಟ್ಟೇಲಿ ಒರೆಸಿ, ಒಂದು ಚೂರು ಎಣ್ಣೆ ಸವರಿ ಎತ್ತಿಡೋದು. ನೆನೆಹಾಕಿದ್ರೆ ತುಕ್ಕು ಹಿಡಿಯುತ್ತೆ."

"ಅಷ್ಟೇನಾ?"

ಅಮ್ಮ ಒಂದು ಕಾಳು ಹಿಸುಕಿ ಸಿಪ್ಪೆ ಪಕ್ಕಕ್ಕೆ ಹಾಕಿದರು.

"ದೋಸೆಗಾದ್ರೆ ಅಷ್ಟೇ. ನಿನ್ನ ಅದಕ್ಕೆ ಎಣ್ಣೆ ಒಂದು ಚಮಚ ಜಾಸ್ತಿ ಬೇಕು. ಹಾಕಿದ ತಕ್ಷಣ ಕೆದಕಬೇಡ."

ಮೂರ್ತಿ ನನ್ನ ಮುಖ ನೋಡಿದ. ನಾನು ಮೊರ ನೋಡಿದೆ.