‘ಮೊದ್ಲು ಆ ಟ್ರ್ಯಾಕ್ಟರಪ್ಪನ್ನ ಹಿಡೀರಿ!’: ಸಿಂಧನೂರಿನ ಹಳೇ ಪಿಕಪ್ ಜತೆ ಮಾತುಕತೆ

ಸಿಂಧನೂರಿನ ಗಂಗಾವತಿ ರಸ್ತೆಯ ಗ್ಯಾರೇಜೊಂದರಲ್ಲಿ 2004ರ ಮಾಡೆಲ್ ಟಾಟಾ 207 ಬಾನೆಟ್ ತೆರೆದುಕೊಂಡು ನಿಂತಿದೆ. ಎಂಜಿನ್ ಬೋರ್ ಮಾಡಿಸುವುದೋ, ಗುಜರಿಗೆ ಹಾಕಿ ಹೊಸದು ತರುವುದೋ ಎಂಬ ಲೆಕ್ಕದಲ್ಲಿ ಮಾಲೀಕರು ಒಂದು ಡೈರಿಯನ್ನೇ ತುಂಬಿಸಿದ್ದಾರೆ. ಮೇಸ್ತ್ರಿಯ ಅಭಿಪ್ರಾಯ ಬಂದಿದೆ, ಭಾವಮೈದುನನದು ಬಂದಿದೆ, ಫೈನಾನ್ಸ್ ಹುಡುಗನದು ಕೇಳದೆಯೇ ಬಂದಿದೆ. ಚಹಾದಂಗಡಿಯಲ್ಲಿ ಕೂತವರದಂತೂ ದಿನಕ್ಕೆರಡು ಸಲ ಬದಲಾಗುತ್ತಿದೆ. ಗಾಡಿಯನ್ನು ಮಾತ್ರ ಯಾರೂ ಕೇಳಿಲ್ಲ. ಅದಕ್ಕೇ ನಾವು ಹೋದೆವು. ಎಂಜಿನ್ ಇಳಿಸಿದ್ದರೂ ಹಾರ್ನ್ ಸರಿಯಿತ್ತು.

ನಾನು: ನಮಸ್ಕಾರ ಯಜಮಾನರೇ. ಆರೋಗ್ಯ ಹೇಗಿದೆ?

ಪಿಕಪ್: ಶರಣ್ರಿ ಸರ. ಎಂಜಿನ್ ನೆಲದ ಮ್ಯಾಲ ಐತಿ, ಗೇರ್‌ಬಾಕ್ಸ್ ಗೋಣಿಚೀಲದಾಗ ಐತಿ, ಮೇಸ್ತ್ರಿ ಊಟಕ್ಕ ಹೋಗ್ಯಾನ. ಮೂರು ದಿನ ಆತು ಊಟಕ್ಕ ಹೋಗಿ.

ನಾನು: ನೇರವಾಗಿ ಕೇಳುತ್ತೇನೆ. ನಿಮ್ಮನ್ನು ರಿಪೇರಿ ಮಾಡಿಸಬೇಕೋ, ಬದಲಿಸಬೇಕೋ?

ಪಿಕಪ್: ಅದನ್ನ ಆಮ್ಯಾಲ ಹೇಳ್ತೀನಿ. ಮೊದ್ಲು ಆ ಟ್ರ್ಯಾಕ್ಟರಪ್ಪನ ವಿಚಾರ ಬರಕೊಳ್ರಿ. ನಾ ಹೊರೋದೂ ನೆಲ್ಲು, ಅವ ಹೊರೋದೂ ನೆಲ್ಲು. ಒಂದ ಕಾಟಾ, ಒಂದ ಮಿಲ್ಲು, ಅವರ ಹಮಾಲರು. ಅವ ಬಂದ್ರ ‘ರೈತರ ಗಾಡಿ, ಬಿಡ್ರಿ’ ಅಂತಾರ. ನಾ ಬಂದ್ರ ‘ಕಮರ್ಷಿಯಲ್, ಸೈಡಿಗೆ ಹಾಕು’ ಅಂತಾರ. ಎಂಟು ವರ್ಷ ದಾಟಿದ ಮ್ಯಾಲ ವರ್ಷಾ ವರ್ಷಾ ನನಗ ಎಫ್‌ಸಿ. ಬ್ರೇಕ್ ತೋರ್ಸು, ಲೈಟ್ ತೋರ್ಸು, ಹಾರ್ನ್ ಹೊಡಿ, ಹೊಗಿ ಸರ್ಟಿಫಿಕೇಟ್ ಎಲ್ಲಿ, ಹಿಂದ ಹೊಳಿಯೋ ಪಟ್ಟಿ ಹಚ್ಚೀಯೇನು? ಅವನ ಟ್ರೈಲರಿನ ಹಿಂದ ಒಂದು ಲೈಟ್ ಹತ್ತಿದ್ದು ಕಂಡೀರೇನು ನೀವು? ಹತ್ತಿ ತುಂಬಿಕೊಂಡು ರಾತ್ರಿ ಮಸ್ಕಿ ರಸ್ತಿಗೆ ಬಿದ್ನಂದ್ರ ಆ ಕಡಿ ಈ ಕಡಿ ದಾರಿನ ಇಲ್ಲ. ಮ್ಯಾಲ ಹಾಡು ಬ್ಯಾರೆ ಹಚ್ಚಿರ್ತಾನ, ನನ್ನ ಹಾರ್ನ್ ಕೇಳಬಾರದಂತ.

ನಾನು: ವಯಸ್ಸಿನ ಪ್ರಶ್ನೆಗೆ ಬರೋಣ. ತುಂಗಭದ್ರಾ ಅಣೆಕಟ್ಟೆ ಕಟ್ಟಿ ಮುಗಿಸಿದ್ದು 1953ರಲ್ಲಿ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟಿನ ಚೈನ್ ಕಡಿಯಿತು, ಗೇಟು ನೀರಿನ ಜತೆ ಹೋಯಿತು. 71 ವರ್ಷದ ಕಬ್ಬಿಣ! ಅಲ್ಲೂ ಇದೇ ಪ್ರಶ್ನೆಯಲ್ಲವೇ, ರಿಪೇರಿಯೋ ಬದಲಿಯೋ?

ಪಿಕಪ್: ನನ್ನ ಕ್ಲಚ್ ಪ್ಲೇಟಿನ ಬಗ್ಗೆ ಕೇಳ್ತೀರಿ ಅಂದ್ಕೊಂಡಿದ್ದೆ, ಸರ.

ನಾನು: ಕ್ಷಮಿಸಿ. ಎಫ್‌ಸಿ ಶುಲ್ಕದ ಬಗ್ಗೆ ಸಿಟ್ಟಿರಬೇಕು ನಿಮಗೆ. 2025ರ ನವೆಂಬರಿನ ಹೊಸ ದರದಲ್ಲಿ 20 ವರ್ಷ ದಾಟಿದ ಲಘು ವಾಹನಕ್ಕೆ 15,000 ರೂಪಾಯಿ. ತಡವಾದರೆ ದಿನಕ್ಕೆ 50 ರೂಪಾಯಿ ಬೇರೆ.

ಪಿಕಪ್: ಕಟ್ಟೋಣ ಬಿಡ್ರಿ. ಸರಕಾರ ಕೇಳಿದ ಮ್ಯಾಲ ಕಟ್ಟಬೇಕು. ಟ್ರ್ಯಾಕ್ಟರಪ್ಪ ಎಷ್ಟು ಕಟ್ತಾನ ಅಂತ ಒಂದು ಮಾತು ಕೇಳ್ಕೊಂಡು ಬರ್ರಿ, ಅಷ್ಟ.

ನಾನು: ರಸ್ತೆ? ಸಿಂಧನೂರಿನಿಂದ ಮಸ್ಕಿ ಹಾದು ಲಿಂಗಸುಗೂರಿಗೆ ಹೋಗುವ 150ಎ ಹೆದ್ದಾರಿಯಲ್ಲೇ ನಿಮ್ಮ ಆಯಸ್ಸು ಕಳೆದಿದೆ. ಹೆದ್ದಾರಿ ಬಿಟ್ಟು ಕ್ಯಾಂಪಿನ ಒಳದಾರಿಗೆ ಇಳಿದರೆ ನಿಮ್ಮ ಕಮಾನ್ ಪಟ್ಟಿಗಳ ಗತಿ?

ಪಿಕಪ್: ಕಮಾನ್ ಪಟ್ಟಿ ಇರೋದ ಮುರಿಯಾಕ.

ನಾನು: ಆರ್‌ಸಿಯಲ್ಲಿ ಬರೆದದ್ದಕ್ಕಿಂತ ದುಪ್ಪಟ್ಟು ಚೀಲ ಹೇರುತ್ತಾರಲ್ಲ?

ಪಿಕಪ್: ಅದು ಮನೀ ಒಳಗಿನ ಮಾತು. ಪೇಪರಿನ್ಯಾಗ ಹಾಕಬ್ಯಾಡ್ರಿ. ಟ್ರ್ಯಾಕ್ಟರಪ್ಪಂದು ಹಾಕ್ರಿ. ಎರಡು ಟ್ರೈಲರ್ ಒಂದರ ಹಿಂದ ಒಂದು ಕಟ್ಟಿಕೊಂಡು ಹೋಗ್ತಾನ ಅವ. ಊರಾಗ ತಿರುವಿನ್ಯಾಗ ತಿರುಗಿದ್ರ ಮುಂದಿನ ಗಾಲಿ ಸಿಂಧನೂರಾಗ, ಹಿಂದಿನ ಗಾಲಿ ಇನ್ನೂ ಮಸ್ಕ್ಯಾಗ.

ನಾನು: ಗುಜರಿ ನೀತಿ ಗೊತ್ತಿದೆಯಲ್ಲ? 2021ರ ಆಗಸ್ಟ್ 13ರಂದು ಪ್ರಧಾನಿಗಳೇ ಬಿಡುಗಡೆ ಮಾಡಿದ್ದು. ನಿಮ್ಮನ್ನು ಒಡೆದು ಹಾಕಿಸಿದರೆ ಹೊಸ ಗಾಡಿಯ ಶೋರೂಂ ಬೆಲೆಯ ಶೇ 4ರಿಂದ 6ರಷ್ಟು ಮೌಲ್ಯ ಸಿಗಬೇಕು ಅನ್ನುತ್ತದೆ. ಜತೆಗೆ ಒಂದು ಸರ್ಟಿಫಿಕೇಟ್. ಅದನ್ನು ತೋರಿಸಿದರೆ ಸರಕು ಗಾಡಿಗೆ ರಸ್ತೆ ತೆರಿಗೆಯಲ್ಲಿ ಶೇ 15ರವರೆಗೆ ರಿಯಾಯಿತಿ.

ಪಿಕಪ್: ಅಂದ್ರ ನಾ ಸತ್ತ ಸರ್ಟಿಫಿಕೇಟ್ ತೋರಿಸಿದ್ರ ಹೊಸಬನಿಗೆ ಜಾಗ. ಅನುಕಂಪದ ನೌಕರಿ ಇದ್ದಂಗ. ಆತು, ತಯಾರದೀನಿ. ಹೊಸ ಪಿಕಪ್ ಹತ್ತು ಲಕ್ಷದ ಆಸುಪಾಸು ಐತಿ. ನನ್ನ ಹೆಣಕ್ಕ ಐವತ್ತು ಸಾವಿರ ಬಂತು ಅಂತ ತಿಳೀರಿ. ಉಳಿದ ಒಂಬತ್ತೂವರೆ ಲಕ್ಷಕ್ಕ ನೀತ್ಯಾಗ ಏನ್ ಬರದಾರ?

ನಾನು: ಸಾಲ.

ಪಿಕಪ್: ಅದಕ್ಕ ನೀತಿ ಯಾಕ ಬೇಕು? ಫೈನಾನ್ಸ್ ಹುಡುಗ ದಿನಾ ಗೇಟಿನ್ಯಾಗ ನಿಂತಿರ್ತಾನ.

ನಾನು: ಗೇಟು ಅಂದಿರಿ, ಒಳ್ಳೆಯದಾಯಿತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಆ 19ನೇ ಕಂಡಿಯನ್ನು ವಾರದೊಳಗೆ ಮುಚ್ಚಿದರು. ಅದು ದೊಡ್ಡ ಸಾಹಸ, ಒಪ್ಪೋಣ. ಆದರೆ ಅದು ತೇಪೆ. ಆಮೇಲೆ ತಜ್ಞರು ಬಂದು 33 ಗೇಟನ್ನೂ ಬದಲಿಸಿ ಎಂದರು. ಇನ್ನು ಹೂಳಿನ ಕತೆ ಕೇಳಿ. ಕಟ್ಟಿದಾಗ 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು 105 ಚಿಲ್ಲರೆ. ಹೂಳು ತೆಗೆಯಬೇಕೋ, ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟಬೇಕೋ? ಇಲ್ಲೂ ರಿಪೇರಿಯೋ ಬದಲಿಯೋ ಅನ್ನುವುದೇ ಪ್ರಶ್ನೆ! ಮೂರು ರಾಜ್ಯ, ಒಂದು ಮಂಡಳಿ, ಎಷ್ಟೋ ಸಭೆ. ನವಲಿಯ ಹೆಸರು ಕೇಳಿ ಕೇಳಿ ನನ್ನ ಕೂದಲು ಬೆಳ್ಳಗಾಯಿತು. ನಾನು ಹೇಳುವುದೇನೆಂದರೆ...

ಪಿಕಪ್: ಸಂದರ್ಶನ ನನ್ನದೋ, ಡ್ಯಾಮಿಂದೋ?

ನಾನು: ನಿಮ್ಮದೇ. ಜಿಎಸ್‌ಟಿ ಇಳಿಕೆಯಿಂದಾದರೂ ನಿರ್ಧಾರ ಸುಲಭವಾಗಿರಬೇಕಲ್ಲ? 2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗಳ ಮೇಲೆ ಶೇ 28 ಇದ್ದದ್ದು 18 ಆಗಿದೆ.

ಪಿಕಪ್: ಬಿಡಿಭಾಗದ ಮ್ಯಾಲಿಂದೂ 18 ಆಗೇತಿ. ಹೊಸದೂ ಇಳೀತು, ರಿಪೇರೀನೂ ಇಳೀತು. ಮಾಲಕರು ಒಂದಿನ ಹಿಗ್ಗಿದ್ರು, ಮರುದಿನ ಡೈರಿ ತೆಗೆದು ಮೊದಲಿನ ಪುಟದಿಂದ ಲೆಕ್ಕ ಶುರು ಮಾಡಿದ್ರು. ಹಳೇದಂತ ನನ್ನ ಹೀಯಾಳಸಬ್ಯಾಡ್ರಿ. ಮಸ್ಕ್ಯಾಗ ಅಶೋಕನ ಶಾಸನದ ಬಂಡಿ ಐತಲ್ಲ, 1915ರಾಗ ಬೀಡನ್ ಅನ್ನೋ ಬಂಗಾರದ ಗಣಿಯ ಎಂಜಿನಿಯರ್ ಅದನ್ನ ಕಂಡಾಗ ಅದಕ್ಕ 2,000 ವರ್ಷ ದಾಟಿತ್ತು. ‘ಹಳೇ ಮಾಡೆಲ್ ಐತಿ, ಬದಲಿ ಮಾಡ್ರಿ’ ಅಂತ ಯಾರರ ಅಂದ್ರೇನು? ಅದರ ಮ್ಯಾಲ ಅಶೋಕನ ಹೆಸರು ಐತಿ ಅಂತ ದೇಶ ತುಂಬ ಹೊಗಳಿದ್ರು.

ನಾನು: ಬಂಡೆ ಬಾಡಿಗೆ ಹೊಡೆಯುವುದಿಲ್ಲ, ಯಜಮಾನರೇ.

ಪಿಕಪ್: ಕಂತೂ ಕಟ್ಟೋದಿಲ್ಲ. ಪುಣ್ಯವಂತ ಬಂಡಿ.

ನಾನು: ಕೊನೆಗೊಂದು ಕಹಿ ಪ್ರಶ್ನೆ. ಸರಕು ಗಾಡಿಯಾಗಿ ಜನರನ್ನು ತುಂಬಿಕೊಂಡು ಹೋಗುತ್ತೀರಿ ಎಂಬ ಆರೋಪ ನಿಮ್ಮ ಮೇಲಿದೆ.

ಪಿಕಪ್: ಹೌದು, ಒಯ್ದೀನಿ. ಇದನ್ನ ಸರಿಯಾಗಿ ಬರಕೊಳ್ರಿ, ಇದರಾಗ ನಗೋದೇನಿಲ್ಲ. ನಸುಕಿನ್ಯಾಗ ನೆಲ್ಲು ನಾಟಿಗೆ ಹೋಗೋ ಹೆಣ್ಮಕ್ಕಳು ನನ್ನ ಹಿಂದ ನಿಂತು ಹೋಗ್ಯಾರ. ಕೈಯಾಗ ಬುತ್ತಿ ಗಂಟು, ಕೆಲವರ ಬಗಲಾಗ ಕೂಸು. ಹಿಡಕೊಳ್ಳಾಕ ಒಂದು ಕಂಬಿ ಇಲ್ಲ ನನ್ನೊಳಗ. ತಪ್ಪು ಅಂತ ನನಗ ಗೊತ್ತೈತಿ, ಡ್ರೈವರ್‌ಗೂ ಗೊತ್ತೈತಿ, ಆ ಹೆಣ್ಮಕ್ಕಳಿಗೆ ಎಲ್ಲರಿಗಿಂತ ಚಲೋ ಗೊತ್ತೈತಿ. 2025ರ ಜನವರಿ 22ಕ್ಕ ಯಲ್ಲಾಪುರದ ಹತ್ರ ಲಾರಿ ಬಿದ್ದು ಸವಣೂರಿನ ಕಾಯಿಪಲ್ಲೆ ಮಾರೋರು 10 ಮಂದಿ ಸತ್ರು. ಲೋಡಿನ ಜತಿಗೆ ಕುಂತು ಕುಮಟಾ ಸಂತಿಗೆ ಹೊಂಟಿದ್ರು ಅವರು. ಇಂಥಾದ್ದು ಆದಾಗೆಲ್ಲ ಏನಾಗತೈತಿ? ಒಂದು ವಾರ ತಪಾಸಣಿ, ಡ್ರೈವರ್‌ಗೆ ದಂಡ, ಹೆಣ್ಮಕ್ಕಳನ್ನ ಅರ್ಧ ದಾರ್‍ಯಾಗ ಇಳಸ್ತಾರ. ಇಳಿಸಿದಾಕಿ ಗದ್ದಿಗೆ ಹೆಂಗ ಹೋಗಬೇಕು, ಅದನ್ನ ಯಾರೂ ಹೇಳಂಗಿಲ್ಲ.

2023ರ ಜೂನ್ 11ರಿಂದ ಹೆಣ್ಮಕ್ಕಳಿಗೆ ಬಸ್ ಪುಕ್ಕಟೆ. ಚಲೋ ಕೆಲಸ, ನಾ ಇಲ್ಲ ಅನ್ನಂಗಿಲ್ಲ. ಆದ್ರ ನಸುಕಿನ ಐದೂವರಿಗೆ ಓಣಿಯಿಂದ ಕ್ಯಾಂಪಿನ ಗದ್ದಿಗೆ ಹೋಗೋ ಬಸ್ ಯಾವುದು? ಟಿಕೀಟು ಪುಕ್ಕಟೆ ಐತಿ, ಬಸ್ಸ ಇಲ್ಲ. ಬಸ್ ಇಲ್ಲದ ಹೊತ್ತಿನ್ಯಾಗ ನಾ ನಿಂತಿರ್ತೀನಿ, ಅಷ್ಟ ನನ್ನ ಅಪರಾಧ.

ಈ ಸಲ ಅದೂ ಇಲ್ಲ. 2025-26ರ ಎರಡನೇ ಬೆಳಿಗೆ ಕಾಲುವ್ಯಾಗ ನೀರು ಬಿಡಂಗಿಲ್ಲ ಅಂದ್ರು, ಗೇಟ್ ಬದಲಿಸಬೇಕು ಅಂತ. ಬದಲಿಸ್ರಿ, ಬದಲಿಸಾಕಬೇಕು. ಆದ್ರ ನಾಟಿ ಇಲ್ಲ, ಕಳೆ ತೆಗಿಯೋದಿಲ್ಲ, ಕೊಯ್ಲಿಲ್ಲ, ಚೀಲ ಹೊರೋದಿಲ್ಲ. ಹೊಲ ಇದ್ದವರಿಗೆ ಪರಿಹಾರ ಕೊಡ್ರಿ ಅಂತ ಕೇಳಾಕಾದ್ರೂ ಬಾಯಿ ಐತಿ, ಕೇಳ್ಯಾರ. ಹೊಲ ಇಲ್ಲದಾಕಿ ಯಾವ ಸರ್ವೆ ನಂಬರ್ ತೋರಿಸಿ ಕೇಳಬೇಕು? ಆಕಿಯ ನಾಟಿ ಕೂಲಿ ಯಾವ ಪಹಣ್ಯಾಗ ಐತಿ? ಮಸ್ಕಿ, ಲಿಂಗಸುಗೂರ ಕಡಿ ಮಂದಿ ಮನೀಗೆ ಕೀಲಿ ಹಾಕಿ, ಮುದುಕರನ್ನ ಬಿಟ್ಟು, ಮಕ್ಕಳ ಸಾಲಿ ಬಿಡಿಸಿ ಬೆಂಗಳೂರಿಗೆ ಗುಳೆ ಹೊಂಟಾರ. ಅವರ ಗಂಟುಗಳನ್ನ ಬಸ್ ಸ್ಟ್ಯಾಂಡಿಗೆ ಮುಟ್ಟಿಸಿ ಬಂದವ ನಾನ. ಅದ ನನ್ನ ಕಡೀ ಬಾಡಿಗಿ. ಅದು ಮುಗಿಸಿ ಬರೋವಾಗ ಎಂಜಿನ್ ಹಿಡೀತು.

ನಾನು: ...

ಪಿಕಪ್: ಯಾಕ, ಈಗ ಗೇಟಿನ ಪ್ರಶ್ನೆ ಇಲ್ಲೇನು?

ನಾನು: ಇದೆ. ಕೇಳಲು ಸಂಕೋಚ. ಮೊದಲು ನಿಮ್ಮದನ್ನು ಮುಗಿಸೋಣ. ರಿಪೇರಿಯೋ, ಬದಲಿಯೋ?

ಪಿಕಪ್: ಮೇಸ್ತ್ರಿ ಕೈಯಾಗ ಇಲ್ಲ ಅದು, ಶೋರೂಮಿನವರ ಕೈಯಾಗೂ ಇಲ್ಲ. ಎರಡೂ ಬೆಳಿಗೆ ನೀರು ಬಂದ್ರ ಹೊಸ ಗಾಡಿಗೆ ಮುಂಗಡ ಕಟ್ಟೋ ತಾಕತ್ತು ಮಾಲಕರಿಗೆ ಬರತೈತಿ. ಒಂದ ಬೆಳಿಗೆ ಬಂದ್ರ ಬೋರ್ ಮಾಡಿಸಿ, ಪಿಸ್ಟನ್ ರಿಂಗ್ ಹಾಕಿಸಿ, ಇನ್ನೆರಡು ವರ್ಷ ತಳ್ಳತಾರ. ಒಂದೂ ಬರಲಿಲ್ಲ ಅಂದ್ರ ನಾ ಗ್ಯಾರೇಜಿನ್ಯಾಗ ಇರ್ತೀನಿ, ಮಾಲಕರು ಬೆಂಗಳೂರಾಗ ಯಾರದೋ ಗಾಡಿ ಹೊಡೀತಿರ್ತಾರ. ಇಷ್ಟ ಲೆಕ್ಕಕ್ಕ ಒಂದು ಡೈರಿ ಯಾಕ ಹಾಳು ಮಾಡಿದ್ರೋ.

ನಾನು: ಹಾಗಾದರೆ ಗೇಟಿನ ಬಗ್ಗೆ ಕೇಳಿಯೇ ಬಿಡುತ್ತೇನೆ. ಬದಲಿಸುವುದು ತಡವಾಯಿತು ಅನ್ನಿಸುವುದಿಲ್ಲವೇ?

ಪಿಕಪ್: ಸರ, ನಾ ನೆಲ್ಲು ಹೊರೋ ಗಾಡಿ. ನನ್ನ ಬ್ರೇಕ್ ಫೇಲಾದ್ರ ನಾಕು ಮಂದಿಗೆ ಪೆಟ್ಟು, ಅದಕ್ಕ ವರ್ಷಾ ವರ್ಷಾ ನನ್ನ ಲೈನಿನ್ಯಾಗ ನಿಲ್ಲಸ್ತಾರ. ನಿಲ್ಲಸ್ಲಿ. ಆ 19ನೇ ಗೇಟಿನ ಚೈನ್ ಕಡಿದ್ರ ಮೂರು ರಾಜ್ಯದ ಗದ್ದಿಗೆ ಪೆಟ್ಟು. ಅದರ ಎಫ್‌ಸಿ ಚೀಟಿ ಯಾವ ಗ್ಲಾಸಿನ ಮ್ಯಾಲ ಅಂಟಿಸ್ಯಾರ, ಸ್ವಲ್ಪ ತೋರಸ್ರಿ. ಚೀಟಿ ಸಿಗದಿದ್ರ ನನ್ನ ಕಾನೂನ ಅದಕ್ಕೂ ಹಾಕ್ರಿ. ದಿನಕ್ಕ 50 ರೂಪಾಯಿ ದಂಡ, 1953ರಿಂದ 2024ರ ತನಕ, 71 ವರ್ಷ. ಅಧಿಕ ವರ್ಷದ ದಿನ ಬಿಟ್ಟು ಲೆಕ್ಕ ಹಾಕ್ರಿ, ಮಾಫಿ ಮಾಡೀನಿ.

ನಾನು: (ಮೊಬೈಲಿನಲ್ಲಿ ಲೆಕ್ಕ ಹಾಕಿ) 12,95,750 ರೂಪಾಯಿ!

ಪಿಕಪ್: ಹೊಸ ಪಿಕಪ್ ಬಂತು, ಇನ್ಶೂರೆನ್ಸ್ ಬಂತು, ಮ್ಯಾಲ ಒಂದು ತಾಡಪತ್ರಿ ಬಂತು. ಅದನ್ನ ಮಾಲಕರಿಗೆ ಕೊಡ್ರಿ, ನಾ ಖುಷಿಯಿಂದ ಗುಜರಿಗೆ ಹೋಗ್ತೀನಿ. ಉಳಿದ 32 ಗೇಟಿನ ದಂಡ ನಾಕು ಕೋಟಿ ಮ್ಯಾಲ ಆಗತೈತಿ. ಅದರಾಗ ನಸುಕಿನ ಐದೂವರಿಗೆ ಹೊರಡೋ ಬಸ್ ಬಿಡ್ರಿ, ಹೆಣ್ಮಕ್ಕಳು ಸೀಟಿನ ಮ್ಯಾಲ ಕುಂತು ಗದ್ದಿಗೆ ಹೋಗ್ಲಿ. ಬಸ್ಸಿನ ಎಫ್‌ಸಿ ಚಿಂತಿ ನಿಮಗ ಬ್ಯಾಡ. ಯಾವ ಲೈನಿನ್ಯಾಗ ನಿಲ್ಲಬೇಕು, ಎಷ್ಟು ಗಂಟೆ ನಿಲ್ಲಬೇಕು, ಎಲ್ಲಾ ನನಗ ಗೊತ್ತೈತಿ.