ಹಳೇ ಕಟ್ಟಡ ವಿಲೇವಾರಿ ಮೀಮಾಂಸೆ, ಅಥವಾ ಹುಣಸೆಮರದ ಹರಾಜೇ ಮೇಲು

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸ್ಥಳೀಯ ಸಂಸ್ಥೆಗಳು ತಮ್ಮ ಸುಪರ್ದಿನಲ್ಲಿರುವ ಪುರಾತನ ಸಾರ್ವಜನಿಕ ಕಟ್ಟಡಗಳನ್ನು ಕೈಬಿಡುವಾಗ ಪಾಲಿಸುವ ಪಾರದರ್ಶಕತೆಯ ಸ್ವರೂಪ, ಲಕ್ಷಣ, ಪ್ರಭೇದ ಹಾಗೂ ಫಲಶ್ರುತಿಯನ್ನು ಕೂಲಂಕಷವಾಗಿ ಪರಾಮರ್ಶಿಸಿ ವಿದ್ವತ್ ಸಮೂಹದ ಅವಗಾಹನೆಗೆ ಮಂಡಿಸುವುದು ಸದರಿ ಪ್ರಬಂಧದ ಘನ ಉದ್ದೇಶವಾಗಿರುತ್ತದೆ. ಮಾರಾಟ ಎಂಬ ಒರಟು ಮಾತನ್ನು ಈ ಶಾಸ್ತ್ರದಲ್ಲಿ ಯಾರೂ ಬಳಸುವುದಿಲ್ಲ. ವಿಲೇವಾರಿ, ನಗದೀಕರಣ, ದೀರ್ಘಾವಧಿ ಗುತ್ತಿಗೆ, ಮರುಅಭಿವೃದ್ಧಿ, ಖಾಸಗಿ ಸಹಭಾಗಿತ್ವ ಎಂದೆಲ್ಲ ಹೇಳುವುದು ಸಂಪ್ರದಾಯ. ಮಾರುವುದೇನಿದ್ದರೂ ಸಂತೆಯಲ್ಲಿ ಕುಳಿತ ಸೊಪ್ಪಿನವಳ ಕೆಲಸ.

ಅಧ್ಯಯನದ ಕ್ಷೇತ್ರವಾಗಿ ಹೊರಕೆರೆದೇವರಪುರವನ್ನು ಆರಿಸಿಕೊಳ್ಳಲಾಗಿದೆ. ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ಈ ಊರು ಸುತ್ತಲಿನವರ ಬಾಯಲ್ಲಿ ಎಚ್.ಡಿ. ಪುರ. ಲಕ್ಷ್ಮೀನರಸಿಂಹಸ್ವಾಮಿಯ ಗುಡಿಯಿಂದ ಹೆಸರಾದದ್ದು. ವೈಸರಾಯರ ಹೆಸರು ಹೊತ್ತ ಭವನವಾಗಲಿ, ಗಡಿಯಾರದ ಗೋಪುರವಿರುವ ಟೌನ್‌ಹಾಲಾಗಲಿ ಇಲ್ಲಿಲ್ಲ. ಅಂಥ ಊರನ್ನು ಆರಿಸಿದ್ದೇಕೆಂದು ಪೂರ್ವಪಕ್ಷದವರು ಕೇಳಬಹುದು. ಇದು ಹುಣಸೆಮರಗಳ ಸೀಮೆ, ಅದಕ್ಕೇ.

ಹುಣಸೆ ಫಸಲಿನ ಹರಾಜು ನೋಡಿದವರಿಗೆ ವಿಧಾನ ಗೊತ್ತು. ಮೊದಲು ತಮಟೆ ಹೊಡೆಸುತ್ತಾರೆ, ಇಂಥ ದಿನ ಇಷ್ಟು ಹೊತ್ತಿಗೆ ಎಂದು. ಆ ದಿನ ಅರಳಿಕಟ್ಟೆಯ ಸುತ್ತ ಜನ ಸೇರುತ್ತಾರೆ. ಕೊಳ್ಳುವವರು ನಾಲ್ಕು ಮಂದಿಯಾದರೆ ನೋಡುವವರು ನಲವತ್ತು. ಠೇವಣಿ ಕಟ್ಟಿದವನೇ ಸವಾಲು ಕೂಗಬೇಕು. ‘ಹೋದ ವರ್ಷ ಇದೇ ಮರ ಇದಕ್ಕಿಂತ ಜಾಸ್ತಿಗೆ ಹೋಗಿತ್ತು ಕಣ್ರೀ’ ಎಂದು ಹಿಂದಿನಿಂದ ಒಬ್ಬ ಅಜ್ಜ ತಕರಾರು ತೆಗೆಯುತ್ತಾನೆ. ಅವನ ಮಾತಿಗೆ ಕಾನೂನಿನ ಬಲವಿಲ್ಲ, ಆದರೂ ಕೂಗು ಮತ್ತೊಂದು ಮೆಟ್ಟಿಲು ಏರುತ್ತದೆ. ಒಂದು ಸಾರಿ, ಎರಡು ಸಾರಿ, ಮೂರು ಸಾರಿ. ಯಾರಿಗೆ ಹೋಯಿತು, ಎಷ್ಟಕ್ಕೆ ಹೋಯಿತು ಎಂಬುದು ಸಂಜೆಯೊಳಗೆ ದನ ಕಾಯುವ ಹುಡುಗನಿಗೂ ಗೊತ್ತು.

ಇಷ್ಟೆಲ್ಲ ಆಗುವುದು ಒಂದು ವರ್ಷದ ಹುಣಸೆಹಣ್ಣಿಗೆ. ಮರ ಅಲ್ಲೇ ಇರುತ್ತದೆ.

ಇನ್ನು ಶಾಸ್ತ್ರಭಾಗ. ಪುರಾತನ ಕಟ್ಟಡಗಳಿಗೆ ಸಂಬಂಧಿಸಿದ ಪಾರದರ್ಶಕತೆಯನ್ನು ಪಂಚಪ್ರಭೇದಗಳಾಗಿ ವಿಂಗಡಿಸಬಹುದೆಂದು ಪ್ರಬಂಧಕಾರರ ಖಚಿತ ಅಭಿಪ್ರಾಯ.

ಮೊದಲನೆಯದು ಫಲಕನಿಷ್ಠ ಪಾರದರ್ಶಕತೆ. ಪ್ರಕಟಣೆಯನ್ನು ಕಚೇರಿಯ ಸೂಚನಾ ಫಲಕಕ್ಕೆ ಲಗತ್ತಿಸಲಾಗುತ್ತದೆ. ಫಲಕಕ್ಕೆ ಗಾಜಿನ ಬಾಗಿಲು, ಬಾಗಿಲಿಗೆ ಬೀಗ, ಬೀಗದ ಕೈ ರಜೆಯ ಮೇಲಿರುವವರ ಹತ್ತಿರ. ಪಲ್ಸ್ ಪೋಲಿಯೊ, ಕಂದಾಯ ವಸೂಲಿ, ಬೀದಿನಾಯಿ ಲಸಿಕೆಯ ಚೀಟಿಗಳ ಅಡಿಯಲ್ಲಿ ಶತಮಾನದ ಕಟ್ಟಡವೊಂದರ ಹಣೆಬರಹ ಅಂಟಿಕೊಂಡಿರುತ್ತದೆ. ಗಾಜು ಪಾರದರ್ಶಕವಾದ ಕಾರಣ ಕಾನೂನಿನ ಅಗತ್ಯ ಪೂರೈಸಿದಂತಾಗುತ್ತದೆ.

ಎರಡನೆಯದು ಅಧ್ಯಕ್ಷಾನುಮತಿಮೂಲಕ ಪಾರದರ್ಶಕತೆ. ಸಭೆಯ ತಿಳಿವಳಿಕೆ ಪತ್ರದಲ್ಲಿ ಹಿಂದಿನ ನಡವಳಿ ಓದಿ ದೃಢೀಕರಿಸುವುದು, ಜಮಾ ಖರ್ಚು, ಬೀದಿದೀಪ, ಬೋರ್‌ವೆಲ್ ಮೋಟಾರು ರಿಪೇರಿ ಎಲ್ಲವೂ ಕ್ರಮಸಂಖ್ಯೆ ಸಮೇತ ಇರುತ್ತವೆ. ಕಟ್ಟಕಡೆಗೆ ಒಂದು ಸಾಲು: ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು.’ ಕನ್ನಡ ಆಡಳಿತ ಗದ್ಯದಲ್ಲಿ ಇಷ್ಟು ವಿಶಾಲವಾದ ಬಾಗಿಲು ಬೇರೆ ಇಲ್ಲ. ಆನೆ, ಅಂಬಾರಿ, ಅರಮನೆ ಯಾವುದು ಬೇಕಾದರೂ ಅದರ ಮೂಲಕ ಹೊರಗೆ ಹೋಗಬಹುದು. ಅಷ್ಟು ಹೊತ್ತಿಗೆ ಸದಸ್ಯರ ಕೈಗೆ ಬೋಂಡ ಬಂದಿರುತ್ತದೆ. ‘ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂಬ ವಾಕ್ಯ ಮಾತ್ರ ಆಗಲೇ ಬರೆದಿಟ್ಟದ್ದು.

ಮೂರನೆಯದು ಶಿಥಿಲಜನ್ಯ ಪಾರದರ್ಶಕತೆ. ಇದು ನಿಧಾನದ ವಿದ್ಯೆ. ಮಳೆಗಾಲಕ್ಕೆ ಮುಂಚೆ ಸೂರಿನ ದೋಣಿ ಬಳಿಸಬಾರದು. ಗೋಡೆಯಲ್ಲಿ ಚಿಗುರಿದ ಅರಳಿಯನ್ನು ಕೀಳಿಸಬಾರದು. ಹಾರಿದ ಹೆಂಚನ್ನು ಹೊದಿಸಬಾರದು. ಸಾಕಷ್ಟು ಮಳೆಗಾಲ ಕಳೆದ ಮೇಲೆ ಎಂಜಿನಿಯರೊಬ್ಬರು ಬಂದು ‘ಕಟ್ಟಡವು ಶಿಥಿಲಾವಸ್ಥೆಯಲ್ಲಿದ್ದು ಉಪಯೋಗಕ್ಕೆ ಯೋಗ್ಯವಾಗಿರುವುದಿಲ್ಲ’ ಎಂದು ಬರೆದುಕೊಡುತ್ತಾರೆ. ಅಷ್ಟರಲ್ಲಿ ತೂತುಬಿದ್ದ ಮಾಡಿನಿಂದ ಆಕಾಶ ಕಾಣುತ್ತಿರುತ್ತದೆ. ಇದಕ್ಕಿಂತ ಪಾರದರ್ಶಕತೆ ಇನ್ನೇನು ಬೇಕು? ಹೊಳಲ್ಕೆರೆಯ ಗಣಪ ಈ ವಿಷಯದಲ್ಲಿ ಜಾಣ. 1475ರಲ್ಲಿ ಗುಳಿಯಪ್ಪ ನಾಯಕ ಪ್ರತಿಷ್ಠಾಪಿಸಿದಂದಿನಿಂದ ಬಯಲು ಗಣಪನೆಂದೇ ಹೆಸರು ಪಡೆದು ಕುಳಿತಿದ್ದಾನೆ. ಮಾಡಿನ ಗೊಡವೆ ಇಲ್ಲದವನಿಗೆ ಶಿಥಿಲ ಪ್ರಮಾಣಪತ್ರ ಕೊಡುವುದು ಹೇಗೆ?

ನಾಲ್ಕು ಮತ್ತು ಐದನೇ ಪ್ರಭೇದಗಳನ್ನು ಓದುಗರ ಆಯುಷ್ಯ ಹಾಗೂ ಪ್ರಬಂಧಕಾರರ ರಕ್ತದೊತ್ತಡವನ್ನು ಗಮನದಲ್ಲಿಟ್ಟು ಕೈಬಿಡಲಾಗಿದೆ.

ಲಕ್ಷಣ ಹೇಳಿದ ಮೇಲೆ ಲಕ್ಷ್ಯ ತೋರಿಸಬೇಕು. ಕಳೆದ ದಶಕದ ಮೊದಲ ಭಾಗದಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಸುಮಾರು 1,800 ಕೋಟಿ ರೂಪಾಯಿ ಸಾಲಕ್ಕಾಗಿ ತನ್ನ 11 ಆಸ್ತಿಗಳನ್ನು ಅಡಮಾನ ಇಟ್ಟಿತು. ಆ ಪಟ್ಟಿಯಲ್ಲಿ 1883ರ ಮೇಯೋ ಹಾಲ್ ಇತ್ತು, ಕೃಷ್ಣರಾಜೇಂದ್ರ ಮಾರುಕಟ್ಟೆ ಇತ್ತು, ಜಾನ್ಸನ್ ಮಾರುಕಟ್ಟೆಯೂ ಇತ್ತು. ಮುಂಜಾನೆ ಕೆ.ಆರ್. ಮಾರ್ಕೆಟ್ಟಿನಲ್ಲಿ ಸೇವಂತಿಗೆ ಮೊಳ ಹಾಕುತ್ತಿದ್ದ ಹೆಂಗಸಿಗೆ ತಾನು ಕುಳಿತ ಜಾಗ ಒತ್ತೆ ಬಿದ್ದಿದೆ ಎಂದು ಯಾರು ಹೇಳಿದರು? ಮನೆಯಲ್ಲಿ ತಾಳಿಸರ ಗಿರವಿ ಇಡುವಾಗ ಕೂಡ ಹೆಂಡತಿಯ ಮುಖ ನೋಡಿ ಒಂದು ಮಾತು ಕೇಳುವ ಪದ್ಧತಿ ನಮ್ಮಲ್ಲಿದೆ. ಆಮೇಲೆ ಸಾಲ ತೀರಿಸಿ ಕೆಲವನ್ನು ಬಿಡಿಸಿಕೊಂಡರು. ಬಿಡಿಸಿಕೊಂಡದ್ದು ದೊಡ್ಡ ಸುದ್ದಿಯಾಯಿತು, ಇಟ್ಟದ್ದು ಆಗಿರಲಿಲ್ಲ.

ಮೈಸೂರಿನದು ಇನ್ನೊಂದು ಕತೆ. ಅದನ್ನು ಹೇಳುವಾಗ ಅಣಕಿಸುವ ಉಮೇದು ಉಳಿಯುವುದಿಲ್ಲ. 1892ರಲ್ಲಿ ವೈಸರಾಯ್ ಲ್ಯಾನ್ಸ್‌ಡೌನ್ ಬಂದುಹೋದ ನೆನಪಿಗೆ ಕಟ್ಟಿದ ಕಟ್ಟಡ ಪಾಲಿಕೆಯ ಸ್ವತ್ತು. ಅದರ ಸಾಲಿನಲ್ಲಿ ಹಳೇ ಪುಸ್ತಕದ ಅಂಗಡಿಗಳಿದ್ದವು. ಕಾಲೇಜು ಹುಡುಗರು ಅರ್ಧ ಬೆಲೆಗೆ ಪಠ್ಯ ಕೊಂಡು, ವರ್ಷ ಮುಗಿದ ಮೇಲೆ ಅಲ್ಲೇ ಕಾಲು ಬೆಲೆಗೆ ಮಾರುತ್ತಿದ್ದರು. 2012ರ ಆಗಸ್ಟ್ 25ರಂದು ಅದರ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಭಾಗ ಬಿತ್ತು, ಅದೂ ದುರಸ್ತಿ ನಡೆಯುತ್ತಿದ್ದಾಗ. ಒಂದು ಕಡೆಯ ತಜ್ಞರು ಉಳಿಸಬಹುದು ಎಂದರು, ಇನ್ನೊಂದು ಕಡೆಯವರು ಕೆಡವಿಯೇ ಕಟ್ಟಬೇಕು ಎಂದರು. ವರದಿಗಳ ಮೇಲೆ ವರದಿ ಬಂದವು. 2023ರಲ್ಲಿ ಹೈಕೋರ್ಟು ಕೆಡವುವುದಕ್ಕೆ ದಾರಿ ಬಿಟ್ಟಿತು.

ಬಾಡಿಗೆ ವಸೂಲಿ ಮಾಡುತ್ತಿದ್ದ ಯಜಮಾನನೊಬ್ಬ ತನ್ನ ಕಟ್ಟಡ ನಾಲ್ಕು ಜನರ ಮೇಲೆ ಬೀಳುವ ತನಕ ನೋಡುತ್ತ ಕೂತಿದ್ದರೆ ಊರು ಅವನನ್ನು ಸುಮ್ಮನೆ ಬಿಡುತ್ತಿತ್ತೆ? ಯಜಮಾನ ಸ್ಥಳೀಯ ಸಂಸ್ಥೆಯಾದಾಗ ಮಾತ್ರ ತಪ್ಪು ಕಟ್ಟಡದ ವಯಸ್ಸಿನ ಮೇಲೆ ಹೋಗುತ್ತದೆ. ವರ್ಷಕ್ಕೊಮ್ಮೆ ಸುಣ್ಣ, ಗಾರೆ, ತೊಲೆಗೆ ಎಷ್ಟು ಖರ್ಚಾಯಿತು ಎಂಬ ಲೆಕ್ಕ ಬಾಗಿಲ ಮೇಲೆ ಬರೆದಿದ್ದರೆ, ಬೀಳುವ ಮುಂಚೆಯೇ ಯಾರಾದರೂ ಕೇಳುತ್ತಿದ್ದರು. ಉಳಿಸುವುದೋ ಕೆಡವುವುದೋ ಎಂಬ ಜಗಳವೆಲ್ಲ ಆಮೇಲಿನದು.

ಶಾಸ್ತ್ರಕ್ಕೆ ಮರಳೋಣ. ಕಾನೂನು ಇಲ್ಲವೆಂದಲ್ಲ. 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದ 72ನೇ ಪ್ರಕರಣದ ಪ್ರಕಾರ ಚಿತ್ರದುರ್ಗ, ಹಿರಿಯೂರಿನಂಥ ನಗರಸಭೆಗಳು ಸ್ಥಿರಾಸ್ತಿ ಮಾರಬೇಕಾದರೆ ಸಭೆಯ ಠರಾವು ಬೇಕು, ಸರ್ಕಾರದ ಪೂರ್ವಾನುಮತಿಯೂ ಬೇಕು. ಅಂದರೆ ಕಡತ ಮೇಲಕ್ಕೆ ಹೋಗುತ್ತದೆ, ಮೇಲಿನಿಂದ ಬರುತ್ತದೆ. ಪಕ್ಕಕ್ಕೆ, ಅಂದರೆ ಊರಿನವರ ಕಡೆಗೆ, ತಿರುಗುವುದಿಲ್ಲ. 1999ರಲ್ಲಿ ರಾಜ್ಯ ಒಂದು ಕಾಯ್ದೆಯ ಹೆಸರಿನಲ್ಲೇ ಪಾರದರ್ಶಕತೆಯನ್ನು ಸೇರಿಸಿತು. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಎಂದು. ಓದಿ ನೋಡಿದರೆ ಅದು ಸರ್ಕಾರ ಕೊಳ್ಳುವುದಕ್ಕೆ ಸಂಬಂಧಿಸಿದ್ದು. ಪೊರಕೆ, ಬ್ಲೀಚಿಂಗ್ ಪೌಡರು ತರಿಸುವುದಕ್ಕೆ ಟೆಂಡರಿನ ನಿಯಮ ಇದೆ, ಅಜ್ಜನ ಕಾಲದ ಕಟ್ಟಡ ಕಳಿಸುವುದಕ್ಕೆ ಆ ಕಾಯ್ದೆ ಬಾಯಿ ಬಿಡುವುದಿಲ್ಲ.

ಕಲ್ಲಿನ ಕೋಟೆಯಂಥ ಸ್ಮಾರಕಗಳಿಗೆ ಕೇಂದ್ರದ ಕಾಯ್ದೆ ಇದೆ, ಸುತ್ತ ನೂರು ಮೀಟರಿನೊಳಗೆ ಕಟ್ಟಡ ಕಟ್ಟುವಂತಿಲ್ಲ. ಇವುಗಳ ಮಾತಲ್ಲ ಇದು. ಯಾವ ಪಟ್ಟಿಗೂ ಸೇರದ ಹಳೇ ಐಬಿ, ಚಾವಡಿ, ಛತ್ರ, ಮಿಡ್ಲ್ ಸ್ಕೂಲು, ಪಶುವೈದ್ಯ ಶಾಲೆಗಳ ಮಾತು. ಅವುಗಳಿಗೆ ನೀಲಿ ಫಲಕವಿಲ್ಲ, ಕಾವಲುಗಾರನಿಲ್ಲ. ಬಸ್‌ಸ್ಟ್ಯಾಂಡಿನ ಪಕ್ಕ ಇರುವುದೇ ಅವುಗಳ ತಪ್ಪು.

ಹೊರದೇಶದ ಉದಾಹರಣೆ ಇಲ್ಲದ ಪ್ರಬಂಧಕ್ಕೆ ತೂಕವಿಲ್ಲವಾದ್ದರಿಂದ ಒಂದು. ಇಂಗ್ಲೆಂಡಿನಲ್ಲಿ 2011ರ ಸ್ಥಳೀಯತಾ ಕಾಯ್ದೆ ಪ್ರಕಾರ ಊರಿನವರು ತಮಗೆ ಬೇಕಾದ ಕಟ್ಟಡವನ್ನು ಸಮುದಾಯದ ಸ್ವತ್ತು ಎಂದು ಪಟ್ಟಿಗೆ ಸೇರಿಸಬಹುದು. ಆಮೇಲೆ ಅದನ್ನು ಮಾರಲು ಹೊರಟರೆ, ನಾವೇ ಕೊಳ್ಳುತ್ತೇವೆ ಎನ್ನುವ ಊರಿನ ಸಂಘಕ್ಕೆ ಆರು ತಿಂಗಳ ಗಡುವು ಸಿಗುತ್ತದೆ. ಅವರಿಗೇ ಮಾರಬೇಕೆಂಬ ಕಡ್ಡಾಯವಿಲ್ಲ. ಕಾಯಬೇಕು, ಅಷ್ಟೆ. ಸ್ವರ್ಗವೇನಲ್ಲ, ಆದರೂ ಆರು ತಿಂಗಳು ಮುಂಚೆ ಗೊತ್ತಾಗುತ್ತದೆ.

ನಮ್ಮ ಜಿಲ್ಲೆಯಲ್ಲೂ ಮುಂಚೆಯೇ ಗೊತ್ತಾದ ಒಂದು ಪ್ರಸಂಗ ಉಂಟು. ಮಾಜಿ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರು ಚಿತ್ರದುರ್ಗದಲ್ಲಿ ಬಾಳಿದ ಮನೆ ಮಾರಾಟಕ್ಕಿದೆ ಎಂಬುದು 2024ರಲ್ಲಿ ಪತ್ರಿಕೆಗಳಲ್ಲಿ ಬಂತು. ಸ್ಮಾರಕ ಮಾಡುವ ಮಾತು ಸರ್ಕಾರದ ಮಟ್ಟದಲ್ಲಿ ಅದಕ್ಕೂ ಹಿಂದಿನಿಂದ ಇತ್ತು. ಅದು ಖಾಸಗಿ ಸ್ವತ್ತು, ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿರಲಿಲ್ಲ. ಆದರೂ ಮಾರುತ್ತಾರಂತೆ ಎಂಬುದು ಮಾರುವ ಮುಂಚೆ ನಾಡಿಗೆಲ್ಲ ತಿಳಿಯಿತು, ಜನ ಬೇಸರ ಮಾಡಿಕೊಳ್ಳುವುದಕ್ಕೂ ಒತ್ತಾಯ ಮಾಡುವುದಕ್ಕೂ ಕಾಲಾವಕಾಶ ಸಿಕ್ಕಿತು. ಜನರದೇ ಸ್ವತ್ತಿಗೆ ಇಷ್ಟಾದರೂ ಮರ್ಯಾದೆ ಬೇಡವೆ?

ಮಾಹಿತಿ ಹಕ್ಕು ಕಾಯ್ದೆಯ 4ನೇ ಪ್ರಕರಣ, ಜನರಿಗೆ ತಟ್ಟುವ ತೀರ್ಮಾನ ಪ್ರಕಟಿಸುವಾಗ ಅದಕ್ಕೆ ಸಂಬಂಧಿಸಿದ ಸಂಗತಿಗಳನ್ನೆಲ್ಲ ಯಾರೂ ಕೇಳದೆಯೇ ಪ್ರಕಟಿಸಬೇಕು ಎನ್ನುತ್ತದೆ. 2005ರಿಂದಲೂ ಹೀಗೇ ಎನ್ನುತ್ತಿದೆ. ಕೇಳಿದರೆ ‘ವಾಣಿಜ್ಯ ಗೌಪ್ಯತೆ’ ಎಂಬ ಉತ್ತರ ಬರುವುದುಂಟು. ಅರಳಿಕಟ್ಟೆಯಲ್ಲಿ ಹುಣಸೆಹಣ್ಣಿನ ಸವಾಲುದಾರ ಹೀಗೆ ಹೇಳಿದ್ದರೆ ಆ ಅಜ್ಜ ಏನು ಮಾಡುತ್ತಿದ್ದನೋ.

ಆದ್ದರಿಂದ ಎಚ್.ಡಿ. ಪುರದವರಿಗಾಗಲಿ, ಹೊಸದುರ್ಗ, ಹಿರಿಯೂರಿನವರಿಗಾಗಲಿ ಒಂದು ಮನವಿ. ಕಟ್ಟಡಕ್ಕೆ ತಗಡಿನ ಬೇಲಿ ಬೀಳುವ ತನಕ ಕಾಯಬೇಡಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ ಈಗಲೇ ಒಂದು ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದ ಮೀರಬಾರದು. ಅಷ್ಟು ಸಾಕು. ಪಂಚಾಯಿತಿಯ ಅಥವಾ ಪುರಸಭೆಯ ಆಸ್ತಿ ವಹಿಯಲ್ಲಿರುವ ಹಳೇ ಕಟ್ಟಡಗಳ ಪಟ್ಟಿ, ಪ್ರತಿಯೊಂದರ ದುರಸ್ತಿಗೆ ಕಳೆದ ಐದು ವರ್ಷ ಆದ ಖರ್ಚು, ಗುತ್ತಿಗೆ ಅಡಮಾನ ವಿಲೇವಾರಿ ಕುರಿತು ಆದ ಠರಾವುಗಳ ನಕಲು, ಇವನ್ನು ಕೇಳಿ. ಉತ್ತರಕ್ಕೆ ಮೂವತ್ತು ದಿನ. ಬರದಿದ್ದರೆ ಮೇಲ್ಮನವಿ ಹಾಕಿ.